ನನ್ನ ಸ್ವಿಫ್ಟ್‌ಗೆ ಯಾವ ಟರ್ಬೊ ಹಾಕಿಸಲಿ?

ವಾರಕ್ಕೆ ಒಬ್ಬರಾದರೂ ಈ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಕೆಲವರು ಫೋನ್ ಮಾಡುತ್ತಾರೆ, ಕೆಲವರು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿಕೊಂಡೇ ಮಾತು ಶುರು ಮಾಡುತ್ತಾರೆ. ಗಾಡಿ ಸ್ವಿಫ್ಟೋ ಐ20ಯೋ ಟಿಯಾಗೊವೋ ಆಗಿರುತ್ತದೆ, ಎಂಜಿನ್ 1.2 ಲೀಟರಿನ ಪೆಟ್ರೋಲ್. “ಅಣ್ಣಾ, ದಿನಾ ಆಫೀಸಿಗೆ ಓಡಿಸೋ ಗಾಡಿ. ಪಿಕಪ್ ಸಾಲ್ತಿಲ್ಲ. ಯಾವ ಟರ್ಬೊ ಹಾಕಿಸಿದ್ರೆ ಒಳ್ಳೇದು?”

ಟರ್ಬೊ ಅಂದರೆ ಎಂಜಿನ್ ಬಿಡುವ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿ ಊದುವ ಸಾಧನ. ಅದನ್ನು ಬಿಚ್ಚಿ ರಿಪೇರಿ ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಒಂದು ಮಾಡೆಲ್ ಹೆಸರು ಹೇಳಿಬಿಡುತ್ತೇನೆ ಅಂದುಕೊಂಡು ಬರುತ್ತಾರೆ. ನಾನು ತಿರುಗಿ ಒಂದು ಮಾತು ಕೇಳುತ್ತೇನೆ: ನಿಮ್ಮ ಗಾಡಿಯ ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದು) ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿರುತ್ತದೆ? ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಕುದುರೆಶಕ್ತಿ ಎಷ್ಟು ಬೇಕು ಎಂದು ಮಾತ್ರ ಎಲ್ಲರಿಗೂ ಗೊತ್ತು.

ಊರೊಳಗೆ ಓಡುವ ಗಾಡಿಯ ಮುಳ್ಳು ಬಹುತೇಕ 1500ರಿಂದ 3000ದ ಒಳಗೇ ಓಡಾಡುತ್ತದೆ. ಸಿಗ್ನಲ್‌ನಿಂದ ಎದ್ದು ಬಸ್ಸನ್ನು ದಾಟಬೇಕಾದಾಗ, ಫ್ಲೈಓವರ್ ಹತ್ತುವಾಗ, ಐದು ಜನ ಕೂತು ಎಸಿ ಹಾಕಿಕೊಂಡಾಗ ನಮಗೆ ಬೇಕಿರುವ ಬಲ ಅಲ್ಲಿಯದು. ಟರ್ಬೊ ಆರಿಸುವಾಗ ನೋಡಬೇಕಾದ ಜಾಗವೂ ಅದೇ. 6000ದಲ್ಲಿ ಎಷ್ಟು ಕುದುರೆ ಎನ್ನುವುದು ರೇಸ್ ಟ್ರ್ಯಾಕಿನವರ ಪ್ರಶ್ನೆ.

2018ರ ಸ್ವಿಫ್ಟ್‌ನ 1.2 ಪೆಟ್ರೋಲ್ ಎಂಜಿನ್ 113 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತಿತ್ತು. ಆದರೆ ಅದು ಪೂರ್ತಿ ಸಿಗಬೇಕಾದರೆ ಮುಳ್ಳು 4000 ದಾಟಬೇಕು. ಅದೇ ಮನೆತನದ ಬಲೆನೊ ಆರ್‌ಎಸ್ 2017ರಲ್ಲಿ ಬಂತು. ಎಂಜಿನ್ ಅದಕ್ಕಿಂತ ಚಿಕ್ಕದು, 998 ಸಿಸಿ, ಮೂರೇ ಸಿಲಿಂಡರ್. ಆದರೆ ಕಂಪನಿಯೇ ಕೂರಿಸಿದ ಚಿಕ್ಕ ಟರ್ಬೊದಿಂದ 150 ನ್ಯೂಟನ್ ಮೀಟರ್, ಅದೂ 1700ರಿಂದಲೇ. ಎರಡನ್ನೂ ಒಂದೇ ದಿನ ಓಡಿಸಿ ನೋಡಿದವರಿಗೆ ನಾನು ಮತ್ತೇನೂ ವಿವರಿಸಬೇಕಾಗಿಲ್ಲ.

ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಹಳೇ ಸ್ವಿಫ್ಟ್ ಡೀಸೆಲ್‌ನ ಟರ್ಬೊ ಇರುತ್ತದೆ, ಬೋರ್ಗ್‌ವಾರ್ನರ್‌ನ ಕೆಪಿ35. ಕೇಳಲು ಬಂದವರ ಕೈಗೆ ಅದನ್ನೇ ಕೊಡುತ್ತೇನೆ. “ಇಷ್ಟು ಸಣ್ಣದಾ!” ಎನ್ನುತ್ತಾರೆ. ಅದರೊಳಗಿನ ಚಕ್ರ ಒಂದು ಬೆಟ್ಟದ ನೆಲ್ಲಿಕಾಯಿಯಷ್ಟಿದೆ. ಬೆರಳ ತುದಿಯಿಂದ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತದೆ. ಇಂಥ ಪುಟ್ಟ ಚಕ್ರಗಳು ಪೂರ್ತಿ ಒತ್ತಡದಲ್ಲಿ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟುತ್ತವೆ. ಹಗುರವಾಗಿರುವುದರಿಂದಲೇ ಎಂಜಿನ್‌ನ ಸ್ವಲ್ಪ ಹೊಗೆಗೂ ಬೇಗ ಏಳುತ್ತವೆ. ಚಕ್ರ ದೊಡ್ಡದಾದಷ್ಟೂ ಅದನ್ನು ಎಬ್ಬಿಸಲು ಹೆಚ್ಚು ಹೊಗೆ ಬೇಕು, ಅಂದರೆ ಹೆಚ್ಚು ಆರ್‌ಪಿಎಂ ಬೇಕು. ಲ್ಯಾಗ್ ಎಂದು ನಾವೆಲ್ಲ ಬೈಯುವುದು ಈ ಕಾಯುವಿಕೆಯನ್ನೇ.

ಅದೇ 1248 ಸಿಸಿ ಫಿಯಟ್ ಮಲ್ಟಿಜೆಟ್ ಎಂಜಿನ್ ನಮ್ಮ ದೇಶದಲ್ಲಿ ಎರಡು ರೂಪದಲ್ಲಿ ಓಡಿತು. ಸ್ವಿಫ್ಟ್‌ನಲ್ಲಿ ಸಾದಾ ಟರ್ಬೊ, 75 ಕುದುರೆ, 190 ನ್ಯೂಟನ್ ಮೀಟರ್. ಎಸ್‌ಎಕ್ಸ್4, ಎರ್ಟಿಗಾ, ಸಿಯಾಜ್‌ಗಳಲ್ಲಿ ಹೊಗೆಗೆ ತಕ್ಕಂತೆ ಒಳಗಿನ ರೆಕ್ಕೆ ತಿರುಗಿಸಿಕೊಳ್ಳುವ ವಿಜಿಟಿ ಟರ್ಬೊ, 90 ಕುದುರೆ, 200 ನ್ಯೂಟನ್ ಮೀಟರ್. ಸಾದಾ ಟರ್ಬೊದ ಸ್ವಿಫ್ಟ್ ಓಡಿಸಿದವರಿಗೆ 2000ದ ಕೆಳಗಿನ ಆ ಸುಸ್ತು ಚೆನ್ನಾಗಿ ನೆನಪಿರುತ್ತದೆ. ಕಾರ್ಖಾನೆಯಲ್ಲಿ ಕೂತು ವರ್ಷಗಟ್ಟಲೆ ಲೆಕ್ಕ ಹಾಕಿದವರಿಗೇ ಇಷ್ಟು ಸಣ್ಣ ಚಕ್ರದಲ್ಲೂ ಲ್ಯಾಗ್ ಪೂರ್ತಿ ಕಳೆಯಲಾಗಲಿಲ್ಲ. ಗುಜರಿಯಿಂದ ತಂದ ದೊಡ್ಡ ಟರ್ಬೊದಿಂದ ಆಗುತ್ತದೆಯೇ?

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹಾಸನದ ಕಡೆಯ ಹುಡುಗನೊಬ್ಬ ಯಾವುದೋ ಗ್ಯಾರೇಜಿನಲ್ಲಿ ತನ್ನ 1.2 ಪೆಟ್ರೋಲ್ ಗಾಡಿಗೆ ದೊಡ್ಡ ಡೀಸೆಲ್ ಜೀಪಿನ ಟರ್ಬೊ ಕೂರಿಸಿಕೊಂಡು ಬಂದಿದ್ದ. ಪಕ್ಕದಲ್ಲಿ ಕೂತು ನೆಲಮಂಗಲದವರೆಗೆ ಹೋಗಿಬಂದೆ. 4000ದವರೆಗೆ ಗಾಡಿ ಮೊದಲಿಗಿಂತ ಮಂಕು, ಆಮೇಲೆ ಒಮ್ಮೆಲೇ ಯಾರೋ ಹಿಂದಿನಿಂದ ಒದ್ದಂತೆ. ಅವನಿಗೆ ಅದೇ ಖುಷಿ. ತೆಗೆಸಿಬಿಡು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ತಿಂಗಳಿಗೆ ಗಾಡಿ ಟೋಯಿಂಗ್ ಮೇಲೆ ಬಂತು. ಹೆಡ್ ಬಿಚ್ಚಿ ಮೂರನೇ ಪಿಸ್ಟನ್ ಹೊರಗೆಳೆದಾಗ ರಿಂಗ್‌ಗಳ ನಡುವಿನ ಅಂಚು ಉಗುರಿನಷ್ಟು ಅಗಲ ಮುರಿದು ಹೋಗಿತ್ತು. ತಲೆಯ ಅಂಚಿನಲ್ಲಿ ಇರುವೆ ತಿಂದ ಸಕ್ಕರೆ ಅಚ್ಚಿನ ಹಾಗೆ ಸಣ್ಣ ಸಣ್ಣ ಗುಳಿ. ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತು ತಪ್ಪಿ ತಾನಾಗಿ ಸಿಡಿಯುವುದು, ಅದನ್ನು ತಿಂದ ಪಿಸ್ಟನ್ ಹೀಗೇ ಇರುತ್ತದೆ. ಹುಡುಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಅಲ್ಲಿ ತಪ್ಪು ಒಂದೆರಡಲ್ಲ. ಡೀಸೆಲ್‌ನ ಹೊಗೆ ಸುಮಾರು 800 ಡಿಗ್ರಿಯ ಒಳಗಿರುತ್ತದೆ, ಪೆಟ್ರೋಲಿನದು 950ರವರೆಗೂ ಹೋಗುತ್ತದೆ. ಡೀಸೆಲ್‌ಗೆಂದು ಎರಕ ಹೊಯ್ದ ಟರ್ಬೈನ್ ಮನೆ ಆ ಬಿಸಿಯನ್ನು ದಿನವೂ ತಾಳುವುದಿಲ್ಲ, ಬಿರುಕು ಬಿಡುತ್ತದೆ. ಇನ್ನೊಂದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎನ್ನುವುದು. ಟರ್ಬೊ ಇಲ್ಲದ ಈಗಿನ ಪೆಟ್ರೋಲ್ ಎಂಜಿನ್‌ಗಳು ಮೈಲೇಜಿಗಾಗಿ 11ಕ್ಕೆ 1, 12ಕ್ಕೆ 1ರಷ್ಟು ಗಾಳಿಯನ್ನು ಒತ್ತುತ್ತವೆ. ಅದಾಗಲೇ ಅಂಚಿನಲ್ಲಿದೆ. ಅದರ ಮೇಲೆ ಟರ್ಬೊದ ಒತ್ತಡವೂ ಸೇರಿದರೆ ಕಿಡಿಯಿಂದ ಹೊತ್ತಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಬಲೆನೊ ಆರ್‌ಎಸ್ ಮಾಡುವಾಗ ಸುಜುಕಿಯವರು 10ಕ್ಕೆ 1ಕ್ಕೆ ಇಳಿದದ್ದು ಇದಕ್ಕೇ. ಪಿಸ್ಟನ್ ಬದಲಿಸದೆ ಹಾಕಿಸುವುದಾದರೆ ನಾನು 0.4 ಬಾರ್‌ನ ಮೇಲೆ, ಅಂದರೆ 6 ಪಿಎಸ್‌ಐ ಮೇಲೆ, ಒಪ್ಪುವುದಿಲ್ಲ.

ಇಷ್ಟಕ್ಕೇ ಏನು ಸಿಗುತ್ತದೆ ಎನ್ನುವವರಿಗೆ ಒಂದು ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ಮಂಗಳೂರಿನಲ್ಲಿ 82 ಕುದುರೆಯಿದ್ದ ಗಾಡಿ ಇಲ್ಲಿಗೆ ಬರುವಷ್ಟರಲ್ಲೇ 74ರ ಹತ್ತಿರ ಇಳಿದಿರುತ್ತದೆ. 0.4 ಬಾರ್ ಸೇರಿಸಿದರೆ ಒಟ್ಟು 1.31, ಮೂಲ ಒತ್ತಡಕ್ಕಿಂತ 1.44 ಪಟ್ಟು. ಮಂಗಳೂರಿನಲ್ಲಿ ಅದೇ 0.4 ಎಂದರೆ 1.4 ಪಟ್ಟು. ಘಟ್ಟದ ಮೇಲಿನ ಟರ್ಬೊ ಅದೇ ಒತ್ತಡಕ್ಕೆ ಹೆಚ್ಚು ದುಡಿಯಬೇಕು, ಆರಿಸುವಾಗ ಇದು ಲೆಕ್ಕಕ್ಕೆ ಬರಬೇಕು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತಿರುವ ವಿಷಯ. ಬೇಸಿಗೆಯ 35 ಡಿಗ್ರಿ ಗಾಳಿ ಟರ್ಬೊದಿಂದ ಆಚೆ ಬರುವಾಗ 80 ದಾಟಿರುತ್ತದೆ. ಇಂಟರ್‌ಕೂಲರ್ ಅದನ್ನು ಮತ್ತೆ 50ರ ಹತ್ತಿರಕ್ಕೆ ಇಳಿಸಿದರೆ ನೂರಕ್ಕೆ ಮೂವತ್ತರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಹೋಗುತ್ತದೆ. 74 ಕುದುರೆ 95ರ ಹತ್ತಿರ ಬರುತ್ತದೆ. ದಿನಾ ಓಡಿಸುವ ಗಾಡಿಗೆ ಇದು ಧಾರಾಳ, ಅದೂ 2000ದಿಂದಲೇ ಸಿಕ್ಕರೆ. ಹಾಗೆ ಸಿಗಬೇಕಾದರೆ ಇಷ್ಟೇ ಅಳತೆಯ ಪೆಟ್ರೋಲ್ ಎಂಜಿನ್‌ಗೆಂದೇ ಮಾಡಿದ, ನೀರಿನಿಂದ ತಣಿಯುವ ಪುಟ್ಟ ಟರ್ಬೊ ಬೇಕು, ಐಎಚ್‌ಐಯ ಆರ್‌ಎಚ್‌ಎಫ್3, ಮಿತ್ಸುಬಿಷಿಯ ಟಿಡಿ025 ಇಂಥವು. ಟರ್ಬೈನ್ ಮನೆಯ ಎ/ಆರ್ (ಹೊಗೆ ಹೋಗುವ ದಾರಿ ಎಷ್ಟು ಅಗಲ ಎನ್ನುವ ಅಳತೆ) ಕಡಿಮೆ ಇರುವುದನ್ನೇ ಆರಿಸಿ. ಮೇಲೆ 5500ರ ನಂತರ ಉಸಿರು ಕಟ್ಟುತ್ತದೆ, ಕಟ್ಟಲಿ.

ಉಳಿದ ಸಾಮಾನಿನ ಪಟ್ಟಿ ಉದ್ದವಿದೆ: ದೊಡ್ಡ ಇಂಜೆಕ್ಟರ್, ಗಟ್ಟಿ ಕ್ಲಚ್, ಆಯಿಲ್ ಲೈನ್, ಮ್ಯಾನಿಫೋಲ್ಡ್. ಎಥೆನಾಲ್ ಸೇರಿದ ಪೆಟ್ರೋಲ್ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದರಲ್ಲಿ ಕಸುವು ಕಡಿಮೆ, ಇಂಜೆಕ್ಟರ್ ಇನ್ನೂ ಹೆಚ್ಚು ಸುರಿಯಬೇಕು. ಎಲ್ಲಕ್ಕಿಂತ ಮುಖ್ಯ ಇಸಿಯು ಮ್ಯಾಪ್, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಸುರಿಯಬೇಕು ಎಂದು ಎಂಜಿನ್ನಿನ ಕಂಪ್ಯೂಟರಿನಲ್ಲಿ ಬರೆದಿಟ್ಟ ಲೆಕ್ಕ. ಮೂಲ ಗಾಡಿಯ ಒತ್ತಡದ ಸೆನ್ಸರ್ ಹೊರಗಿನ ಗಾಳಿಗಿಂತ ಹೆಚ್ಚಿನದನ್ನು ಸರಿಯಾಗಿ ಓದುವುದೇ ಇಲ್ಲ. ಟರ್ಬೊ ಎಷ್ಟು ಊದುತ್ತಿದೆ ಎಂದು ಇಸಿಯುಗೆ ಗೊತ್ತಾಗುವುದಿಲ್ಲ, ಪೆಟ್ರೋಲ್ ಕಡಿಮೆ ಬೀಳುತ್ತದೆ, ಪಿಸ್ಟನ್ ಹೋಗುತ್ತದೆ. ಹಾಸನದ ಹುಡುಗನಿಗೆ ಆದದ್ದು ಇದೇ.

ಕಾನೂನಿನ ಮಾತನ್ನೂ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ನಾನು ಟರ್ಬೊ ಹಾಕಿಕೊಡುವುದಿಲ್ಲ. ಆ ಎಲ್ಲ ಖರ್ಚು ಕೂಡಿಸಿ, ಇದ್ದ ಗಾಡಿ ಕೊಟ್ಟು, ಕಾರ್ಖಾನೆಯಿಂದಲೇ ಟರ್ಬೊ ಬಂದಿರುವ ಬಲೆನೊ ಆರ್‌ಎಸ್, ನೆಕ್ಸಾನ್, ಐ20 ಟರ್ಬೊ, ಫ್ರಾಂಕ್ಸ್ ಟರ್ಬೊ ಇವುಗಳಲ್ಲಿ ಒಂದನ್ನು ಸೆಕೆಂಡ್ ಹ್ಯಾಂಡ್ ಆದರೂ ತೆಗೆದುಕೊಳ್ಳಿ ಎನ್ನುತ್ತೇನೆ. ತೆಗೆದುಕೊಂಡ ಮೇಲೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಶಿರಾಡಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಓಡಲು ಬಿಡಿ. ಕೆಂಪಗೆ ಕಾದ ಟರ್ಬೊದೊಳಗೆ ಆಯಿಲ್ ನಿಂತರೆ ಸೀದು ಕಪ್ಪು ಗಟ್ಟಿಯಾಗುತ್ತದೆ. ನನ್ನ ಹತ್ತಿರ ಬರುವ ಬಹುಪಾಲು ಟರ್ಬೊ ಸತ್ತಿರುವುದು ಹಾಗೆಯೇ.

ಹೋದ ತಿಂಗಳು ಕೆಂಗೇರಿಯಿಂದ ಒಬ್ಬ ಹೆಣ್ಣುಮಗಳು ಇದೇ ಪ್ರಶ್ನೆ ಹಿಡಿದು ಬಂದಿದ್ದರು. ಒಂದು ವಾರದ ಆರ್‌ಪಿಎಂ ದಾಖಲೆ ತನ್ನಿ ಮೇಡಂ ಎಂದು ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಓಬಿಡಿ ರೀಡರ್ ಕೊಟ್ಟು ಕಳಿಸಿದೆ. ತಂದರು. ಮುಳ್ಳು 3000 ದಾಟಿದ್ದೇ ಅಪರೂಪ, ಆದರೆ ಎಂಜಿನ್ ಮೇಲಿನ ಲೋಡ್ ಸಾದಾ ರಸ್ತೆಯಲ್ಲೂ ತೀರಾ ಜಾಸ್ತಿ ತೋರಿಸುತ್ತಿತ್ತು. ಗಾಡಿ ಎತ್ತಿ ಚಕ್ರ ತಿರುಗಿಸಿದೆ. ಹಿಂದಿನ ಎಡ ಚಕ್ರ ತಿರುಗಲೇ ಇಲ್ಲ, ಡ್ರಮ್ ಮುಟ್ಟಿದರೆ ಸುಡುತ್ತಿತ್ತು. ಬ್ರೇಕ್ ಹಿಡಿದುಕೊಂಡೇ ಎಷ್ಟು ದಿನ ಓಡಿಸಿದ್ದರೋ. ಏರ್ ಫಿಲ್ಟರ್ ತೆಗೆದರೆ ಹೊಂಗೆ ಎಲೆಯ ಚೂರು, ಕೆಂಪು ಧೂಳು. ವೀಲ್ ಸಿಲಿಂಡರ್, ಲೈನರ್, ಫಿಲ್ಟರ್, ನಾಲ್ಕು ಪ್ಲಗ್ ಬದಲಿಸಿ ಸಂಜೆ ಕೀ ಕೊಟ್ಟೆ. ಮನೆ ತಲುಪುವ ಮೊದಲೇ ನಾಯಂಡಹಳ್ಳಿಯಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡಿದರು: “ಅಣ್ಣಾ, ನಿಜ ಹೇಳಿ, ಟರ್ಬೊ ಏನಾದ್ರೂ ಹಾಕಿಬಿಟ್ರಾ?”