ಪುಲ್ಲಿ ಆಮೇಲೆ, ಮೊದಲು ಎಣ್ಣೆ

ನನ್ನ ಕಾರಿನ ಎಂಜಿನ್‌ಗೆ ಹಾಕಿಸಬೇಕಿದ್ದ ಸಣ್ಣ ಪುಲ್ಲಿಯ (ಬೆಲ್ಟ್ ಸುತ್ತುವ ಚಕ್ರದ) ಡಬ್ಬ ನಮ್ಮ ಮನೆಯ ಶೆಲ್ಫಿನಲ್ಲಿ ಏಳು ತಿಂಗಳು ಹಾಗೇ ಕೂತಿತ್ತು. ತಮ್ಮ ಬಂದಾಗಲೆಲ್ಲ ಡಬ್ಬ ತೆಗೆದು, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದ. "ಅಕ್ಕಾ, ಇದನ್ನ ಯಾವಾಗ ಹಾಕಿಸ್ತೀಯ?" ಅಂತ ಕೇಳುತ್ತಿದ್ದ. ಈಗ ಹಾಕಿಸಿದ್ದೇನೆ. ಆ ಏಳು ತಿಂಗಳಲ್ಲಿ ಕಾರಿಗೆ ಬೇರೆ ಏನೇನು ಮಾಡಿಸಿದೆ, ಯಾವುದನ್ನು ಬೇಡ ಅಂತ ಬಿಟ್ಟೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಂಥದ್ದೇ ಕಾರು ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ನನ್ನದು 2005ರ ಮಿನಿ ಕೂಪರ್ ಎಸ್. ಆರ್‌53 ಅಂತ ಕರೆಯುತ್ತಾರಲ್ಲ, ಅದೇ ಮಾದರಿ. 1.6 ಲೀಟರ್ ಎಂಜಿನ್, ಅದರ ಮುಂಭಾಗಕ್ಕೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಈಟನ್ ಎಂ45 ಸೂಪರ್‌ಚಾರ್ಜರ್, ಎಂಜಿನ್ ಮೇಲೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. 2002ರಲ್ಲಿ ಬಂದಾಗ 163 ಅಶ್ವಶಕ್ತಿ ಇತ್ತು, 2004ರ ಮಧ್ಯದಲ್ಲಿ 170 ಆಯಿತು. ಆಮೇಲೆ ಬಂದ ಮಾದರಿಗೆ ಎಂಜಿನ್ ಹೊರಬಿಡುವ ಹೊಗೆಯಿಂದ ತಿರುಗುವ ಟರ್ಬೊ ಹಾಕಿದರು. ಹಾಗಾಗಿ ಕಾಲು ಒತ್ತಿದಾಗ ಬರುವ ಆ ಕುಯ್ಯೆನ್ನುವ ಸದ್ದು ಈ ಪೀಳಿಗೆಗೇ ಮುಗಿಯಿತು. ಆ ಸದ್ದಿಗಾಗಿಯೇ ನಾನು ಈ ಕಾರು ಹುಡುಕಿ ತಂದದ್ದು.

ತಮ್ಮನ ಹತ್ತಿರ ಇರುವುದು ಟರ್ಬೊ ಕಾರು. "ಮೊದಲು ಇಸಿಯು ಮ್ಯಾಪ್ ಮಾಡಿಸು, ಒಂದೇ ದಿನದಲ್ಲಿ ಗೊತ್ತಾಗತ್ತೆ" ಅನ್ನುವುದು ಅವನ ಮಾತು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಮ್ಯಾಪ್ ಅಂದರೆ ಅದರೊಳಗಿನ ಲೆಕ್ಕ. ಅವನ ಕಾರಿಗೆ ಅದು ನಿಜ. ಟರ್ಬೊ ಎಷ್ಟು ಒತ್ತಡ ಕೊಡಬೇಕು ಅನ್ನುವುದನ್ನು ಅಲ್ಲಿ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮ್ಯಾಪ್ ಬದಲಾದರೆ ಒತ್ತಡವೂ ಬದಲಾಗುತ್ತದೆ. ನನ್ನ ಕಾರಿನಲ್ಲಿ ಸೂಪರ್‌ಚಾರ್ಜರನ್ನು ತಿರುಗಿಸುವುದು ಬೆಲ್ಟ್. ಎಂಜಿನ್ ಒಂದು ಸುತ್ತು ಬಂದರೆ ಅದು ಸುಮಾರು ಎರಡು ಸುತ್ತು ಬರುತ್ತದೆ. ಈ ಲೆಕ್ಕವನ್ನು ಯಾವ ಸಾಫ್ಟ್‌ವೇರೂ ಬದಲಿಸಲಾರದು, ಪುಲ್ಲಿ ಮಾತ್ರ ಬದಲಿಸುತ್ತದೆ. ಬೇರೇನನ್ನೂ ಮುಟ್ಟದೆ ಬರೀ ಮ್ಯಾಪ್ ಮಾಡಿಸಿದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಕ್ಷಣ), ಇಂಧನದ ಅಳತೆ ಒಂಚೂರು ತಿದ್ದಬಹುದು ಅಷ್ಟೆ. ಟರ್ಬೊದವರ ಸಲಹೆ ನಮಗೆ ಹಾಗೇ ಹೊಂದುವುದಿಲ್ಲ ಅನ್ನುವುದು ನನಗೆ ಹೊಳೆದದ್ದು ಅವನ ಜೊತೆ ವಾದ ಮಾಡುವಾಗಲೇ.

ಎಂ45 ಅನ್ನುವ ಹೆಸರಿನಲ್ಲೇ ಅದರ ಅಳತೆ ಇದೆ. ಒಂದು ಸುತ್ತಿಗೆ 45 ಘನ ಅಂಗುಲ ಗಾಳಿ, ಅಂದರೆ ಸುಮಾರು 740 ಸಿಸಿ. ಇದು ರೂಟ್ಸ್ ಮಾದರಿಯದು. 1860ರಲ್ಲಿ ರೂಟ್ಸ್ ಅಣ್ಣತಮ್ಮಂದಿರು ಪೇಟೆಂಟ್ ಪಡೆದ ಊದುಯಂತ್ರದ ವಂಶ. ಕಬ್ಬಿಣದ ಕುಲುಮೆಗೆ ಗಾಳಿ ಊದಿದ ಯಂತ್ರದ ಮರಿಮಗ ನನ್ನ ಬಾನೆಟ್ ಕೆಳಗೆ ಕೂತಿದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ. ಈ ಯಂತ್ರ ತನ್ನೊಳಗೆ ಗಾಳಿಯನ್ನು ಹಿಂಡುವುದಿಲ್ಲ. ಎರಡು ರೋಟರ್‌ಗಳು ಗಾಳಿಯನ್ನು ಬಾಚಿ ಆಚೆ ಬದಿಗೆ ದಾಟಿಸುತ್ತವೆ. ಅಲ್ಲಿ ಜಾಗ ಸಾಲದೆ ಒತ್ತಡ ಏರುತ್ತದೆ, ಅದರ ಜೊತೆಗೆ ಬಿಸಿಯೂ ಏರುತ್ತದೆ. ವೇಗ ಹೆಚ್ಚಿಸಿದಷ್ಟೂ ಬಿಸಿಯ ಪಾಲು ಜಾಸ್ತಿ. ಬಿಸಿ ಗಾಳಿ ಹಗುರ, ಅದರಲ್ಲಿ ಆಮ್ಲಜನಕ ಕಡಿಮೆ. ಮೇಲಾಗಿ ಎಂಜಿನ್ ನಾಕ್ ಆಗುವ, ಅಂದರೆ ಒಳಗಿನ ಇಂಧನ ತಾನಾಗಿ ಸಿಡಿಯುವ, ಅಪಾಯ ಕಂಡರೆ ಕಂಪ್ಯೂಟರ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ. ದುಡ್ಡು ಕೊಟ್ಟು ಹೆಚ್ಚಿಸಿಕೊಂಡ ಒತ್ತಡ ಅಲ್ಲಿಗೆ ದಂಡ.

ಆದ್ದರಿಂದ ಪ್ರತಿ ಬಿಡಿಭಾಗಕ್ಕೂ ನಾನು ಒಂದೇ ಪ್ರಶ್ನೆ ಕೇಳಲು ಶುರು ಮಾಡಿದೆ. ಇದು ಎಂಜಿನ್‌ಗೆ ತಣ್ಣನೆಯ ಗಾಳಿ ಜಾಸ್ತಿ ಕೊಡುತ್ತದಾ, ಬರೀ ಬಿಸಿ ಜಾಸ್ತಿ ಕೊಡುತ್ತದಾ?

ಅದಕ್ಕೂ ಮೊದಲು ಇನ್ನೊಂದು ಕೆಲಸ ಬಂತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್‌ನ ಬೆಲ್ಟ್ ಬದಿಯಿಂದ ಸಣ್ಣಗೆ ಕಟಕಟ ಸದ್ದು ಬರುತ್ತಿತ್ತು. ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ನನ್ನ ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸೂಪರ್‌ಚಾರ್ಜರ್‌ಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರು. "ಮೇಡಂ, ಇದರ ಎಣ್ಣೆ ಯಾವಾಗ ಬದಲಾಯಿಸಿದ್ದಾರೆ?" ಅಂದರು. ಎಂಜಿನ್ ಆಯಿಲ್ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಸೂಪರ್‌ಚಾರ್ಜರ್‌ಗೆ ಅದರದ್ದೇ ಬೇರೆ ಎಣ್ಣೆ ಇದೆ. ಪುಲ್ಲಿಯ ತುದಿಯಲ್ಲಿ ಒಂದು ಕೋಣೆ, ಇನ್ನೊಂದು ತುದಿಯಲ್ಲಿ ಮತ್ತೊಂದು. ಹೊರಗಿನಿಂದ ಅಳೆದು ನೋಡಲು ಕಡ್ಡಿಯೂ ಇಲ್ಲ. ಹಳೆಯ ಸರ್ವಿಸ್ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈ ಕಾರಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಸೂಪರ್‌ಚಾರ್ಜರೇ. ಅದರ ಹಿಂದಿನ ತುದಿಯ ಗೇರ್‌ಗಳಿಂದ ಪಂಪ್‌ಗೆ ಚಾಲನೆ ಸಿಗುತ್ತದೆ. ಅಲ್ಲಿ ಎಣ್ಣೆ ಒಣಗಿದರೆ ಗೇರಿನ ಹಲ್ಲು ಸವೆಯುತ್ತದೆ. ಹಲ್ಲು ಹೋದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ನಾನು ಹಾಕಲು ಹೊರಟಿದ್ದ ಪುಲ್ಲಿ ಅದೇ ಗೇರುಗಳನ್ನು ಇನ್ನೂ ಜೋರಾಗಿ ತಿರುಗಿಸುವಂಥದ್ದು.

ಬಂಪರ್ ಬಿಚ್ಚಿ, ರೇಡಿಯೇಟರ್ ಇರುವ ಮುಂಭಾಗವನ್ನೇ ಮುಂದಕ್ಕೆ ಜರುಗಿಸಿ ಸೂಪರ್‌ಚಾರ್ಜರ್ ಹೊರಗೆ ತೆಗೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಪುಲ್ಲಿಯ ಕಡೆಯಿಂದ ಒಂದಷ್ಟು ಎಣ್ಣೆ ಬಂತು. ಹಿಂದಿನ ತುದಿಯ ಬಿರಡೆ ತೆಗೆದು ಬಗ್ಗಿಸಿದಾಗ ಮೊದಲು ಏನೂ ಬರಲಿಲ್ಲ. ಆಮೇಲೆ ಹರಳೆಣ್ಣೆಯಷ್ಟು ದಪ್ಪಗೆ, ಕಪ್ಪಗೆ, ಒಂದು ಚಮಚದಷ್ಟು ನಿಧಾನವಾಗಿ ಇಳಿಯಿತು. ಆ ವಾಸನೆಯನ್ನು ಮರೆಯಲಾರೆ. ಕೈ ಎರಡು ಸಲ ಸೋಪು ಹಾಕಿ ತೊಳೆದರೂ ರಾತ್ರಿ ಊಟಕ್ಕೆ ಕೂತಾಗ ಬೆರಳಲ್ಲಿ ಇನ್ನೂ ಇತ್ತು. ಮೆಕ್ಯಾನಿಕ್ ಗೇರಿನ ಹಲ್ಲಿನ ಮೇಲೆ ಉಗುರು ಎಳೆದು ನೋಡಿದರು, ನನಗೂ ನೋಡಲು ಕೊಟ್ಟರು. ಅಂಚು ಒಂಚೂರು ಹರಿತವಾಗಿತ್ತು, ಆದರೆ ಹಲ್ಲು ಇನ್ನೂ ಗಟ್ಟಿಯಾಗಿ ಉಳಿದಿತ್ತು. ಸರಿಯಾದ ಹೊತ್ತಿಗೆ ತೆರೆದಿದ್ದೆವು. ಸೀಲುಗಳು, ಹೊಸ ಎಣ್ಣೆ, ಹೊಸ ವಾಟರ್ ಪಂಪ್ ಹಾಕಿದ ಮೇಲೆ ಬೆಳಗಿನ ಕಟಕಟ ನಿಂತಿತು.

ಮುಂಭಾಗ ಬಿಚ್ಚಿದ್ದಾಗಲೇ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯನ್ನೂ ಬದಲಾಯಿಸಿದೆವು. ಅದು ಎರಡು ಉಂಗುರಗಳ ನಡುವೆ ರಬ್ಬರ್ ಇಟ್ಟು ಮಾಡಿದ್ದು. ವಯಸ್ಸಾದಂತೆ ರಬ್ಬರ್ ಬಿರುಕು ಬಿಟ್ಟು ಹೊರಗಿನ ಉಂಗುರ ಜಾರಲು ಶುರುವಾಗುತ್ತದೆ. ಇದರ ಬದಲು ರಬ್ಬರೇ ಇಲ್ಲದ ಹಗುರ ಅಲ್ಯೂಮಿನಿಯಂ ಪುಲ್ಲಿ ಸಿಗುತ್ತದೆ, ಪಿಕಪ್ ಚೆನ್ನಾಗಿ ಬರುತ್ತದೆ ಅಂತ ಹೇಳುತ್ತಾರೆ. ನಾನು ಬೇಡ ಅಂದೆ. ಕ್ರ್ಯಾಂಕ್ ಶಾಫ್ಟ್ ತಿರುಚಿಕೊಂಡು ಅದುರುವುದನ್ನು ಹೀರಿಕೊಳ್ಳಲಿಕ್ಕೇ ಆ ರಬ್ಬರ್ ಇರುವುದು. ಅದನ್ನು ತೆಗೆದರೆ ಆ ಅದುರು ಬೇರಿಂಗ್‌ಗಳ ಪಾಲಿಗೆ ಹೋಗುತ್ತದೆ. ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎರಡೂ ಹೊಸದು ಹಾಕಿಸಿದೆ. ಸಣ್ಣ ಪುಲ್ಲಿಯ ಮೇಲೆ ಬೆಲ್ಟ್‌ಗೆ ಹಿಡಿತ ಕಡಿಮೆ, ಎಳೆಯಬೇಕಾದ ಭಾರ ಜಾಸ್ತಿ. ಸೊರಗಿದ ಟೆನ್ಷನರ್ ಇದ್ದರೆ ಬೆಲ್ಟ್ ಜಾರಿ, ಪುಲ್ಲಿ ಹಾಕಿಯೂ ಹಾಕದ ಹಾಗೆ.

ಇಷ್ಟಾದ ಮೇಲೆ ಬಿಸಿಯ ವಿಷಯಕ್ಕೆ ಬಂದೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಪೋರ್ಟಿಗೆ ಚಿಕ್ಕ ಅಡಾಪ್ಟರ್ ಸಿಕ್ಕಿಸಿ, ಇಂಟರ್‌ಕೂಲರ್ ದಾಟಿ ಬಂದ ಗಾಳಿಯ ಉಷ್ಣಾಂಶವನ್ನು ಫೋನಿನಲ್ಲಿ ನೋಡಿದೆ. ಖಾಲಿ ಇರುವ ಒಂದೇ ಏರು, ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್: ಇದು ಒಂದು ಎಳೆತ. ಅಂಕಿ ಓದುವ ಕೆಲಸ ತಮ್ಮನದು. ಹೊರಗೆ 27 ಡಿಗ್ರಿ ಇದ್ದ ದಿನ ಮೊದಲ ಎಳೆತದ ಕೊನೆಗೆ 52, ಎರಡನೆಯದಕ್ಕೆ 58, ಮೂರನೆಯದಕ್ಕೆ 63. ಮೂರನೇ ಸಲ ಕಾರು ಮಂಕಾದದ್ದು ಅಂಕಿ ನೋಡದೆಯೂ ಗೊತ್ತಾಗುತ್ತಿತ್ತು. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೂ ಅದೇ ಕಥೆ. ಇಂಟರ್‌ಕೂಲರ್ ಇರುವುದು ಎಂಜಿನ್ ಮೇಲೆ. ಗಾಡಿ ಓಡುವಾಗ ಬಾನೆಟ್ಟಿನ ಬಾಯಿಂದ ಗಾಳಿ ಬರುತ್ತದೆ. ನಿಂತರೆ ಕೆಳಗಿನ ಶಾಖದಲ್ಲಿ ಅದು ಬೇಯುತ್ತದೆ.

ಮೊದಲು ಸಿಕ್ಕ ತಪ್ಪು ತೀರಾ ಸಣ್ಣದು. ಬಾನೆಟ್ ಮುಚ್ಚಿದಾಗ ಇಂಟರ್‌ಕೂಲರಿನ ಸುತ್ತ ಒತ್ತಿ ಕೂರಬೇಕಾದ ಸ್ಪಂಜಿನ ಪಟ್ಟಿ ಪುಡಿಪುಡಿಯಾಗಿತ್ತು. ಬಾನೆಟ್ಟಿನ ಬಾಯಿಗೆ ಬಂದ ಗಾಳಿ ಇಂಟರ್‌ಕೂಲರನ್ನು ಹಾದುಹೋಗುವ ಬದಲು ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಹೊಸ ಪಟ್ಟಿ ಅಂಟಿಸಿದೆ. ಅದೇ ಏರಿನಲ್ಲಿ, ಹೆಚ್ಚುಕಡಿಮೆ ಅಂಥದ್ದೇ ಹವೆಯ ದಿನ, ಮೂರನೇ ಎಳೆತಕ್ಕೆ 58 ಬಂತು. ಐದು ಡಿಗ್ರಿ! ನನ್ನ ಇಡೀ ಪಟ್ಟಿಯಲ್ಲಿ ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ಇಂಟರ್‌ಕೂಲರ್ ಆರಿಸಲು ಮಾತ್ರ ತುಂಬಾ ದಿನ ಹಿಡಿಯಿತು. ಮುಂದೆ ರೇಡಿಯೇಟರ್ ಎದುರಿಗೆ ಕೂರಿಸುವ ದೊಡ್ಡದು ಇದೆ. ಗಾಳಿ ಚೆನ್ನಾಗಿ ತಣಿಯುತ್ತದೆ, ಆದರೆ ಪೈಪು ಉದ್ದ, ಬಂಪರ್ ಒಳಗೆ ಕತ್ತರಿಸಬೇಕು, ರೇಡಿಯೇಟರ್‌ಗೆ ಹೋಗುವ ಗಾಳಿಗೂ ಅಡ್ಡ. ನೀರಿನಿಂದ ತಣಿಸುವುದೂ ಇದೆ. ಒಂದೆರಡು ಎಳೆತಕ್ಕೆ ಅದಕ್ಕೆ ಸಮನಿಲ್ಲ, ಆದರೆ ನೀರು ಒಮ್ಮೆ ಬಿಸಿಯಾದರೆ ಆರಲು ಹೊತ್ತು ಬೇಕು. ನಾನು ಓಡಿಸುವುದು ಅರ್ಧ ಗಂಟೆ ಬಿಡುವಿಲ್ಲದ ತಿರುವಿನ ರಸ್ತೆಯಲ್ಲಿ. ಹಾಗಾಗಿ ಹಳೆಯ ಜಾಗದಲ್ಲೇ ಕೂರುವ, ದಪ್ಪ ಜಾಸ್ತಿ ಇರುವ ಇಂಟರ್‌ಕೂಲರ್ ಆರಿಸಿದೆ. ಕಂಪನಿಯೇ 2006ರ ಜಿಪಿ ಮಾದರಿಗೆ ಇದೇ ದಾರಿ ಹಿಡಿದಿತ್ತು. ಅದು 218 ಅಶ್ವಶಕ್ತಿಯ ಕಾರು, ಮಾಡಿದ್ದು 2000 ಮಾತ್ರ. ಅದಕ್ಕೂ ಇಂಟರ್‌ಕೂಲರ್ ಎಂಜಿನ್ ಮೇಲೇ, ಆದರೆ ದೊಡ್ಡದು. ಹಾಕಿಸಿದ ಮೇಲೆ ಮೂರನೇ ಎಳೆತಕ್ಕೆ 50.

ಆಗ ಪುಲ್ಲಿಯ ಡಬ್ಬ ಇಳಿಸಿದೆ. ಈ ಕಾರಿಗೆ 11, 15, 17, 19 ಪರ್ಸೆಂಟ್ ಚಿಕ್ಕದಾದ ಪುಲ್ಲಿಗಳು ಸಿಗುತ್ತವೆ. ನನ್ನದು 15. ಪುಲ್ಲಿ 15 ಪರ್ಸೆಂಟ್ ಚಿಕ್ಕದಾದರೆ ವೇಗ 15 ಪರ್ಸೆಂಟ್ ಏರುತ್ತದೆ ಅಂದುಕೊಳ್ಳಬೇಡಿ. ಒಂದನ್ನು 0.85ರಿಂದ ಭಾಗಿಸಿ ನೋಡಿ, ಹೆಚ್ಚುಕಡಿಮೆ ಹದಿನೇಳೂವರೆ ಪರ್ಸೆಂಟ್ ಏರುತ್ತದೆ. 19ರ ಪುಲ್ಲಿಗೆ ಅದು 23 ದಾಟುತ್ತದೆ. ರೇಸಿಗೆ ಇಳಿಸಿ ಪದೇ ಪದೇ ಸೂಪರ್‌ಚಾರ್ಜರ್ ಬಿಚ್ಚಿ ನೋಡುವವರಿಗೆ ಅದು ಸರಿ. ದಿನಾ ಓಡಿಸುವ ಹಳೆಯ ಕಾರಿಗೆ 15 ದಾಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಳೆಯ ಪುಲ್ಲಿ ಶಾಫ್ಟಿಗೆ ಒತ್ತಿ ಕೂರಿಸಿದ್ದು. ಅದನ್ನು ಎಳೆದು ತೆಗೆಯಲು ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು. ಸುತ್ತಿಗೆ ಹಿಡಿದು ಬರುವವರ ಕೈಗೆ ದಯವಿಟ್ಟು ಕೊಡಬೇಡಿ.

ಪುಲ್ಲಿಯ ಜೊತೆಗೇ ಒಂದು ಹಂತ ತಣ್ಣನೆಯ (ಬಿಸಿಯನ್ನು ಬೇಗ ಬಿಟ್ಟುಕೊಡುವ) ಸ್ಪಾರ್ಕ್ ಪ್ಲಗ್ ಹಾಕಿಸಿದೆ, ಆಮೇಲೆ ಮ್ಯಾಪ್ ಮಾಡಿಸಿದೆ. ತಮ್ಮ ಹೇಳಿದ ಮ್ಯಾಪ್ ಕೊನೆಗೂ ಬಂತು, ಆದರೆ ಅದರ ಸರದಿ ಬಂದ ಮೇಲೆ. ಮಿನಿಗೆ ಶಕ್ತಿ ಹೆಚ್ಚಿಸುವ ಬಿಡಿಭಾಗ ಮಾಡುತ್ತಿದ್ದ ಜಾನ್ ಕೂಪರ್ ವರ್ಕ್ಸ್‌ನ ಕಿಟ್ ನೋಡಿದರೂ ಇದೇ ಕಾಣುತ್ತದೆ. ಮೊದಲು 200, ಆಮೇಲೆ 210 ಅಶ್ವಶಕ್ತಿ ಕೊಟ್ಟ ಆ ಕಿಟ್‌ನಲ್ಲಿ ಸಣ್ಣ ಪುಲ್ಲಿ, ತಿದ್ದಿದ ಸಿಲಿಂಡರ್ ಹೆಡ್ (ಎಂಜಿನ್‌ನ ಮೇಲಿನ ಭಾಗ), ಎಕ್ಸಾಸ್ಟ್ (ಹೊಗೆ ಕೊಳವೆ), ಇಸಿಯು ಎಲ್ಲ ಒಟ್ಟಿಗೇ ಬಂದವು. ಈಗ ಮೂರನೇ ಎಳೆತಕ್ಕೆ 56 ಬರುತ್ತದೆ. ಪುಲ್ಲಿ ಇಲ್ಲದಿದ್ದಾಗಿನ 63ಕ್ಕಿಂತ ಇನ್ನೂ ಕಡಿಮೆಯೇ ಅಲ್ವಾ?

ಎಕ್ಸಾಸ್ಟ್ ಬಗ್ಗೆ ಒಂದು ಮಾತು. ಸೂಪರ್‌ಚಾರ್ಜರ್‌ನ ಒತ್ತಡ ತೋರಿಸುವ ಬೂಸ್ಟ್ ಗೇಜ್ ಹಾಕಿಕೊಂಡವರು ಎಕ್ಸಾಸ್ಟ್ ಅಥವಾ ಹೆಡ್ ಬದಲಿಸಿದ ಮೇಲೆ ಮುಳ್ಳು ಕೆಳಗಿಳಿದದ್ದು ನೋಡಿ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಸೂಪರ್‌ಚಾರ್ಜರ್ ಕಳಿಸುವ ಗಾಳಿ ಅಷ್ಟೇ ಇದೆ. ಮುಂದೆ ದಾರಿ ಸಲೀಸಾಗಿದ್ದರಿಂದ ಒತ್ತಡ ಇಳಿದಿದೆ, ಗಾಳಿ ಎಂಜಿನ್ ಒಳಗೆ ಅಡ್ಡಿಯಿಲ್ಲದೆ ಹೋಗುತ್ತಿದೆ. ಒತ್ತಡ ಇಳಿದರೆ ಬಿಸಿಯೂ ಇಳಿಯುತ್ತದೆ. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಕೊಡುವ ಬಿಡಿಭಾಗ ಬೇರೆ ಇಲ್ಲ. ಆದರೆ ಹೆಡ್ ಬಿಚ್ಚುವುದು ದೊಡ್ಡ ಕೆಲಸ.

ಚಕ್ರಗಳ ಕಡೆ ಜಾಸ್ತಿ ಯೋಚಿಸಬೇಕಾಗಿ ಬರಲಿಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ಪಕ್ಕೆಯ ರನ್‌ಫ್ಲಾಟ್ ಟೈರ್ ತೆಗೆದು ಸಾದಾ ಒಳ್ಳೆಯ ಟೈರ್ ಹಾಕಿಸಿದೆ. ಸ್ಟೆಪ್ನಿ ಇಲ್ಲದ ಕಾರಾದ್ದರಿಂದ ಪಂಕ್ಚರ್ ಕಿಟ್ ಡಿಕ್ಕಿಯಲ್ಲಿ ಸದಾ ಇರುತ್ತದೆ. ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಹಿಂದಿನ ಆಂಟಿ-ರೋಲ್ ಬಾರ್ ದಪ್ಪದ್ದು ಹಾಕಿಸಿದ ಮೇಲೆ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುವುದು ಎಷ್ಟೋ ಕಡಿಮೆಯಾಯಿತು. ಬ್ರೇಕಿಗೆ ಹೊಸ ಪ್ಯಾಡ್, ಹೊಸ ಫ್ಲೂಯಿಡ್. ಇವೆಲ್ಲ ಪುಲ್ಲಿಗಿಂತ ಮೊದಲೇ ಆಗಿದ್ದವು. ಬರೀ ಟೈರು, ಬಾರಿನಿಂದಲೇ ಕಾರು ಎಷ್ಟು ಚುರುಕಾಯಿತು ಅಂದರೆ, ಪುಲ್ಲಿ ಬೇಕಾ ಅಂತ ಒಂದು ವಾರ ನಿಜಕ್ಕೂ ಯೋಚಿಸಿದ್ದೆ.

ಈಗ ತಮ್ಮ ಹೆಡ್‌ನ ಹಿಂದೆ ಬಿದ್ದಿದ್ದಾನೆ. ಸಿಲಿಂಡರ್‌ಗಳು ಎಷ್ಟು ಒತ್ತಡ ಹಿಡಿಯುತ್ತವೆ ಅಂತ ಅಳೆಯುವ ಕಂಪ್ರೆಷನ್ ಗೇಜನ್ನು ಅವನೇ ಎರವಲು ತಂದಿದ್ದಾನೆ. ಭಾನುವಾರ ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ ಅಳೆಯುತ್ತೇವೆ. ನಾಲ್ಕೂ ಅಂಕಿ ಹತ್ತಿರ ಹತ್ತಿರ ಬಂದರೆ ಮಾತ್ರ ಮುಂದಿನ ಮಾತು ಅಂತ ಅವನಿಗೆ ಹೇಳಿದ್ದೇನೆ.