ತಲೆಗೆ ಐನೂರು, ಆರು ಬಾಟಲಿ, ಒಂದು ಬಕೆಟ್ ಐಸ್

ಕಾರವಾರದಲ್ಲಿ ಮನೆ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಹೇಳುವ ಮಾತು ಒಂದೇ. "ನಿಮಗೇನಪ್ಪಾ, ಗೋವಾ ಪಕ್ಕದಲ್ಲೇ ಇದೆ." ಹೌದು, ಇದೆ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಅರ್ಧ ಗಂಟೆಯೊಳಗೆ ಗೋವಾದ ಪೋಳೆಂ. ಅಲ್ಲಿ ಸುಂಕ ಕಡಿಮೆ, ಹಾಗಾಗಿ ಬಾಟಲಿ ಬೆಲೆಯೂ ಕಡಿಮೆ. ಆದರೆ ಅಲ್ಲಿಯ ಬಾಟಲಿ ಅಲ್ಲಿಗೇ. ಪರವಾನಗಿ ಇಲ್ಲದೆ ಈಚೆ ತಂದು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರೆ ಬಾಟಲಿಯೂ ಹೋಗುತ್ತದೆ, ಕೇಸೂ ಬೀಳುತ್ತದೆ. ನಾವು ಕುಡಿಯುವುದು ಕಾರವಾರದ ಅಂಗಡಿಯಲ್ಲಿ ಕರ್ನಾಟಕದ ರೇಟಿಗೆ ಸಿಗುವ ಮಾಲನ್ನೇ. ಆ ರೇಟು ಏರುತ್ತಲೇ ಇದೆ. 2023ರ ಬಜೆಟ್ಟಿನಲ್ಲೇ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 175ರಿಂದ 185ಕ್ಕೆ ಹೋಯಿತು.

ಹಾಗಾಗಿ ಕಡಿಮೆ ದುಡ್ಡಿನಲ್ಲಿ ಒಳ್ಳೆಯದು ಯಾವುದು ಅಂತ ಹುಡುಕುವುದು ನನಗೆ ನಿಜವಾಗಿಯೂ ಮುಖ್ಯವಾದ ಕೆಲಸ. ಕುಡಿಯುವುದು ತಿಂಗಳಿಗೆ ಒಂದೋ ಎರಡೋ ಸಲ. ಅದು ಚೆನ್ನಾಗಿರಲಿ ಅಂತ ಆಸೆ, ಅಷ್ಟೇ.

ಇದಕ್ಕೆಲ್ಲ ಕಾರಣ ಕಳೆದ ಮೇ ತಿಂಗಳಲ್ಲಿ ಆದ ಒಂದು ಬೇಸರ. ಮದುವೆಯ ವಾರ್ಷಿಕೋತ್ಸವ ಅಂತ ಒಂಬೈನೂರು ರೂಪಾಯಿ ಕೊಟ್ಟು ಒಂದು ರೆಡ್ ವೈನ್ ತಂದೆ. ನಮಗೆ ಅದು ದೊಡ್ಡ ದುಡ್ಡು. ಮನೆಗೆ ಬಂದು ಮೇಲಿನ ಹಾಳೆ ಬಿಡಿಸಿ ನೋಡಿದರೆ ಬಿರಡೆ ಬಾಟಲಿಯ ಬಾಯಿಗಿಂತ ಒಂದು ಅಕ್ಕಿ ಕಾಳಿನಷ್ಟು ಮೇಲೆ ಎದ್ದು ನಿಂತಿತ್ತು. ಕುತ್ತಿಗೆಯ ಸುತ್ತ ಅಂಟು ಅಂಟಾದ ಕಂದು ಕಲೆ. ಸುರಿದು ಮೂಗಿಗೆ ಹಿಡಿದರೆ ಹಣ್ಣಿನ ವಾಸನೆ ಇಲ್ಲ, ಬೆಲ್ಲದ ಪಾಕ ತಳ ಹಿಡಿದ ವಾಸನೆ. ಹೆಂಡತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ನನಗೆ ಆ ರಾತ್ರಿ ತುಂಬಾ ಬೇಜಾರಾಯಿತು.

ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯಿತು. ವೈನ್ ಕೆಟ್ಟದ್ದಲ್ಲ, ಅದು ಬೆಂದು ಹೋಗಿತ್ತು. ಬಿಸಿಗೆ ಒಳಗಿನ ವೈನ್ ಹಿಗ್ಗುತ್ತದೆ, ಬಿರಡೆಯನ್ನು ಮೇಲೆ ತಳ್ಳುತ್ತದೆ, ಸಂದಿಯಲ್ಲಿ ಸ್ವಲ್ಪ ಹೊರಗೆ ಬರುತ್ತದೆ, ಗಾಳಿ ಒಳಗೆ ಹೋಗುತ್ತದೆ. ನಮ್ಮ ಕರಾವಳಿಯ ಮೇ ತಿಂಗಳು ಹೇಗಿರುತ್ತದೆ ಅಂತ ಹೇಳಬೇಕಾ? ಶಟರ್ ಎಳೆದ ಅಂಗಡಿಯೊಳಗೆ ತಗಡಿನ ಮಾಡಿನ ಕೆಳಗೆ ಎರಡು ಬೇಸಿಗೆ ನಿಂತ ಬಾಟಲಿಗೆ ಒಂಬೈನೂರು ಕೊಟ್ಟರೂ ಅಷ್ಟೇ, ಮುನ್ನೂರು ಕೊಟ್ಟರೂ ಅಷ್ಟೇ. ನಮ್ಮ ಊರಿನಲ್ಲಿ ನೋಡಬೇಕಾದದ್ದು ಬೆಲೆಯಲ್ಲ, ಬಾಟಲಿ ಎಲ್ಲಿ ನಿಂತಿತ್ತು, ಎಷ್ಟು ದಿನದಿಂದ ನಿಂತಿತ್ತು ಅನ್ನುವುದು. ಇದನ್ನು ಸರಿಯಾಗಿ ಪರೀಕ್ಷೆ ಮಾಡಿಯೇ ಬಿಡೋಣ ಅಂತ ಹೋದ ತಿಂಗಳು ಒಂದು ಭಾನುವಾರ ನಾಲ್ಕು ಜನ ಸೇರಿದೆವು. ನಾನು, ಹೆಂಡತಿ, ಅವಳ ಅಣ್ಣ, ಮತ್ತೆ ಶಿರಸಿಯಿಂದ ಬಂದ ಒಬ್ಬ ಗೆಳೆಯ. ತಲೆಗೆ ಐನೂರು. ಎರಡು ಸಾವಿರದಲ್ಲಿ ಕುಡಿಯುವುದು, ಮೀನು, ಐಸ್ ಎಲ್ಲ ಮುಗಿಯಬೇಕು.

ಬೆಳಿಗ್ಗೆ ಸಂತೆಗೆ ಹೋದವರು ಹಾಗೇ ಮೀನು ಮಾರ್ಕೆಟ್ಟಿಗೆ ಹೋದೆವು. ಬಂಗಡೆ ಚೆನ್ನಾಗಿತ್ತು. ನೋಗ್ಲಿಯೂ ಇತ್ತು, ಬೇರೆ ಕಡೆ ಕಾಣೆ ಅನ್ನುತ್ತಾರಲ್ಲ ಅದು. ಮೀನು ಮಾರುವ ಹೆಂಗಸಿಗೆ "ಬಾಯಿ, ಸ್ವಲ್ಪ ಐಸ್ ಬೇಕಿತ್ತು" ಅಂದೆ. ಅವಳು ನಕ್ಕು ಮೀನಿನ ಬುಟ್ಟಿಯದ್ದು ಬೇಡ, ಐಸ್ ಫ್ಯಾಕ್ಟರಿಯಿಂದಲೇ ತಗೊಳ್ಳಿ ಅಂದಳು. ಅರ್ಧ ಚೀಲ ಐಸ್ ಬಂತು.

ಬಾಟಲಿಗಳನ್ನು ಎರಡು ಅಂಗಡಿಯಲ್ಲಿ ಆರಿಸಿದೆ. ಒಂದು ಮೈಲ್ಡ್ ಬಿಯರ್, ಒಂದು ಸ್ಟ್ರಾಂಗ್, ಹಸಿರು ಗಾಜಿನ ಒಂದು ಪಿಂಟ್, ಅಂದರೆ ಸಣ್ಣ ಬಾಟಲಿ ಬಿಯರ್. ನಾಸಿಕ್ ಕಡೆಯ ಶೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್, ಅರ್ಧ ಬಾಟಲಿ, 375 ಎಂಎಲ್. ಅಗ್ಗದ ಒಂದು ಡ್ರೈ ರೆಡ್, ಅಂದರೆ ಸಿಹಿ ಇಲ್ಲದ ರೆಡ್ ವೈನ್. ಕೊನೆಗೆ ನಮ್ಮ ಕರ್ನಾಟಕದ್ದೇ ಒಂದು ಸಿಹಿ ವೈನ್, ಎಲ್ಲರೂ ಪೋರ್ಟ್ ಅಂತ ಕರೆಯುವ ಜಾತಿಯದ್ದು. ಬಿಲ್ ಸಾವಿರದ ಆರುನೂರ ಚಿಲ್ಲರೆ. ಬಿಯರ್ ತೆಗೆದುಕೊಳ್ಳುವಾಗ ಲೇಬಲ್ಲಿನ ತಾರೀಖು ನೋಡಿಯೇ ತೆಗೆದುಕೊಂಡೆ. ಬಿಯರಿಗೆ ಸಾಮಾನ್ಯವಾಗಿ ಆರು ತಿಂಗಳ ಗಡುವು, ಆದರೆ ಎರಡು ತಿಂಗಳೊಳಗಿನದು ಸಿಕ್ಕಿದರೆ ಬೇರೆಯೇ ರುಚಿ. ಫ್ರಿಜ್ಜಿನ ಹಿಂದಿನ ಸಾಲಿನಿಂದ ತೆಗೆದುಕೊಡಿ ಅಂದರೆ ಅಂಗಡಿಯವರು ಬೇಡ ಅನ್ನುವುದಿಲ್ಲ, ಕೇಳಬೇಕು ಅಷ್ಟೇ. ಹಸಿರು ಪಿಂಟನ್ನು ಮಾತ್ರ ಬೇಕಂತಲೇ ಗಾಜಿನ ಶೋಕೇಸಿನಿಂದ ತೆಗೆಸಿದೆ, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯ ಬಿಸಿಲು ನೇರ ಬೀಳುವ ಜಾಗದಲ್ಲಿದ್ದದ್ದು.

ತಣ್ಣಗೆ ಮಾಡುವ ಕ್ರಮ ಹೇಳುತ್ತೇನೆ, ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಬಕೆಟ್ಟಿಗೆ ಐಸ್ ಹಾಕಿ, ಮುಳುಗುವಷ್ಟು ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು ಹಾಕಬೇಕು. ನಮ್ಮ ಮನೆಯಲ್ಲಿ ಸಾಣಿಕಟ್ಟಾ ಉಪ್ಪು ಯಾವಾಗಲೂ ಇರುತ್ತದೆ. ಬರೀ ಐಸಿನಲ್ಲಿ ನಿಲ್ಲಿಸಿದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಿದ್ದರೆ ಸುತ್ತಲೂ ತಾಗುತ್ತದೆ. ಉಪ್ಪು ಬಿದ್ದರೆ ಆ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕರೆಂಟ್ ಹೋದರೂ ಚಿಂತೆ ಇಲ್ಲ, ಕಾಲು ಗಂಟೆಯಲ್ಲಿ ಬಿಯರ್ ರೆಡಿ. ಆದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಬೇಡಿ. ನಾಲಿಗೆ ಮರಗಟ್ಟಿದರೆ ರುಚಿ ಎಲ್ಲಿಂದ ಸಿಗಬೇಕು?

ಸಂಜೆ ತಾರಸಿಯ ಮೇಲೆ ಕೂತೆವು. ಹೆಂಡತಿ ಒಳಗೇ ಸುರಿದು, ಚಹಾ ಅಂಗಡಿಯ ಲೋಟಗಳಂಥ ಗಾಜಿನ ಲೋಟದಲ್ಲಿ ಎರಡೆರಡು ಬೆರಳು ಎತ್ತರ ತಂದು ಕೊಡುತ್ತಿದ್ದಳು. ಯಾವುದು ಯಾವುದು ಅಂತ ನಮಗೆ ಹೇಳುವ ಹಾಗಿಲ್ಲ. ಕುಡಿದು, ಹಾಳೆಯ ಮೇಲೆ ಅನಿಸಿದ್ದು ಬರೆಯಬೇಕು.

ಮೊದಲನೇ ಲೋಟ ಮೂಗಿನ ಹತ್ತಿರ ಬಂದ ಕೂಡಲೇ ಬಾವ ಮುಖ ತಿರುಗಿಸಿದರು. "ಇದೆಂತ ಮಾರಾಯ, ಸುಟ್ಟ ರಬ್ಬರ್ ವಾಸನೆ." ಅದೇ ಹಸಿರು ಪಿಂಟ್. ಬಿಯರಿಗೆ ಕಹಿ ಕೊಡುವ ಹಾಪ್ಸ್ ಅನ್ನುವ ಹೂವಿನ ಅಂಶಕ್ಕೆ ಬೆಳಕು ಬಿದ್ದರೆ ಅದು ಒಡೆದು ಗಂಧಕದ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಗಾಜು ಆ ಬೆಳಕನ್ನು ಬಹಳಷ್ಟು ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ. ಆರರಲ್ಲಿ ಎಂಎಲ್ ಲೆಕ್ಕಕ್ಕೆ ಅತಿ ದುಬಾರಿ ಬಿಯರ್ ಅದೇ ಆಗಿತ್ತು. ನಾಲ್ವರೂ ಕೊನೆಯ ಸ್ಥಾನ ಕೊಟ್ಟೆವು. ಅದೇ ಕಂಪನಿಯ ಬಿಯರ್ ಕ್ಯಾನಿನಲ್ಲಿ ನಾನು ಕುಡಿದಿದ್ದೇನೆ, ಚೆನ್ನಾಗಿರುತ್ತದೆ. ತಪ್ಪು ಆ ಶೋಕೇಸಿನದ್ದು.

ಎರಡನೆಯದು ಸ್ಟ್ರಾಂಗ್. ಶೇ. 5ರ ಮೇಲೆ 8ರ ತನಕ ಆಲ್ಕೋಹಾಲ್ ಇರುವುದಕ್ಕೆ ಸ್ಟ್ರಾಂಗ್ ಅನ್ನುವುದು. ನಮ್ಮ ದೇಶದಲ್ಲಿ ಜಾಸ್ತಿ ಖರ್ಚಾಗುವುದೂ ಅದೇ, ಕೊಟ್ಟ ದುಡ್ಡಿಗೆ ಬೇಗ ಏರುತ್ತದೆ ಅಂತ. ಮೊದಲ ಗುಟುಕು ಸಿಹಿ, ಆಮೇಲೆ ಗಂಟಲಲ್ಲಿ ಘಾಟು. ಲೋಟ ಸ್ವಲ್ಪ ಬಿಸಿಯಾದ ಹಾಗೆ ಆ ಸಿಹಿ ಜಿಡ್ಡು ಜಿಡ್ಡಾಯಿತು. ರುಚಿ ನೋಡಲು ಕೂತವರಿಗೆ ಇದು ಬೇಡ.

ಮೂರನೆಯದು ಬಂದಾಗ ಎಲ್ಲರೂ ಸುಮ್ಮನಾದೆವು. ನೊರೆ ತೆಳ್ಳಗೆ, ಬಿಳಿ, ಲೋಟದ ಒಳಗೋಡೆಗೆ ಬಳೆಯ ಹಾಗೆ ಅಂಟಿಕೊಂಡು ಇಳಿಯುತ್ತಿತ್ತು. ವಾಸನೆ ಹೊಸ ಅವಲಕ್ಕಿಯದ್ದು. ಕುಡಿದ ಮೇಲೆ ಕೊನೆಗೆ ಸಣ್ಣ ಕಹಿ, ಹಾಗಲಕಾಯಿಯ ಕಹಿ ಅಲ್ಲ, ಮೆಂತ್ಯದ ದೋಸೆ ತಿಂದ ಮೇಲೆ ಉಳಿಯುತ್ತದಲ್ಲ ಅಂಥದ್ದು. ಗೆಳೆಯ ಶಿರಸಿಯಿಂದ ತಂದ ಹಲಸಿನ ಹಪ್ಪಳ ಕರಿದಿದ್ದೆವು. ಕೊಬ್ಬರಿ ಎಣ್ಣೆಯ ಆ ಹಪ್ಪಳ ಒಂದು ಚೂರು, ಇದು ಒಂದು ಗುಟುಕು. ಏನು ಹೊಂದಿಕೆ ಅಂತೀರಿ! ಆಮೇಲೆ ಹೆಂಡತಿ ಬಾಟಲಿ ತಂದು ತೋರಿಸಿದರೆ ಮಾಮೂಲಿ ಕಿಂಗ್‌ಫಿಷರ್ ಪ್ರೀಮಿಯಂ, 650 ಎಂಎಲ್ ಕಂದು ಬಾಟಲಿ, ತಯಾರಾಗಿ ಐದು ವಾರ ಆಗಿತ್ತು. ಎಲ್ಲ ಬಾರಿನಲ್ಲೂ ಸಿಗುವುದು, ಹಾಗಾಗಿ ಯಾರೂ ಗಮನ ಕೊಟ್ಟು ಕುಡಿಯುವುದಿಲ್ಲ. ಹೊಸದಾಗಿ, ಹದವಾಗಿ ತಣ್ಣಗೆ ಸಿಕ್ಕಿದರೆ ನಮ್ಮ ಸೆಖೆಗೆ ಇದಕ್ಕಿಂತ ಒಳ್ಳೆಯದು ಬೇಕಾಗಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ವೈನಿನ ಹೊತ್ತಿಗೆ ಮೀನು ಬಂತು. ರವೆ ಹಚ್ಚಿ ಹುರಿದ ನೋಗ್ಲಿ, ಮಸಾಲೆ ಹಚ್ಚಿದ ಬಂಗಡೆ. ಶೆನಿನ್ ಬ್ಲಾಂಕ್‌ಗೆ ಸ್ವಲ್ಪ ಸಿಹಿ ಇದೆ, ಅದರ ಹಿಂದೆಯೇ ಹುಳಿ ಬರುತ್ತದೆ. ನೋಗ್ಲಿಗೆ ಲಿಂಬೆ ಹಿಂಡಿದ ಹಾಗೆ ಕೆಲಸ ಮಾಡಿತು. ಮೆಣಸಿನ ಖಾರಕ್ಕೂ ಆ ಸಿಹಿ ಒಳ್ಳೆಯದು. ಅರ್ಧ ಬಾಟಲಿ ತರುವುದೇ ಜಾಣತನ, ತೆರೆದಿಟ್ಟು ಹುಳಿ ಬರಿಸುವ ಭಯ ಇಲ್ಲ.

ಡ್ರೈ ರೆಡ್ಡಿನ ವಿಷಯ ಸ್ವಲ್ಪ ಉದ್ದ ಇದೆ. ರೆಡ್ ವೈನ್ ರೂಮಿನ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಆ ಮಾತು ಹುಟ್ಟಿದ್ದು ಚಳಿ ದೇಶದಲ್ಲಿ, ಅಲ್ಲಿನ ರೂಮು 16, 18 ಡಿಗ್ರಿ. ನಮ್ಮ ರೂಮು 30. ಹಾಗಾಗಿ ಅರ್ಧ ರೆಡ್ಡನ್ನು ಹಾಗೇ ಇಟ್ಟು, ಇನ್ನರ್ಧವನ್ನು ಸಣ್ಣ ಬಾಟಲಿಗೆ ಹಾಕಿ ಹತ್ತು ನಿಮಿಷ ಬಕೆಟ್ಟಿನಲ್ಲಿ ಇಟ್ಟಿದ್ದೆವು. ಎರಡೂ ಒಂದೇ ವೈನ್ ಅಂತ ಬಾವ ನಂಬಲೇ ಇಲ್ಲ. ಬೆಚ್ಚಗಿದ್ದದ್ದು ಬರೀ ಸಾರಾಯಿ ಘಾಟು. ತಣ್ಣಗಾದದ್ದರಲ್ಲಿ ನೇರಳೆ ಹಣ್ಣಿನ ವಾಸನೆ ಬಂತು, ನಾಲಿಗೆಯ ಮೇಲೆ ಒಗರು ಬಂತು. ಶಿರಸಿಯ ಗೆಳೆಯ ತೋಟದವನು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು "ಇದು ಚೊಗರು" ಅಂದ. ಅಡಿಕೆ ಬೇಯಿಸಿದ ಕೆಂಪು ನೀರಿಗೆ ಅವರ ಕಡೆ ಚೊಗರು ಅನ್ನುತ್ತಾರೆ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ದ್ರಾಕ್ಷಿ ಸಿಪ್ಪೆ, ಬೀಜದಲ್ಲಿರುವುದೂ ಟ್ಯಾನಿನ್ ಅನ್ನುವ ಒಗರಿನ ಅಂಶ, ಅಡಿಕೆಯ ಚೊಗರಿನಲ್ಲಿ ಇರುವುದೂ ಟ್ಯಾನಿನ್. ವೈನ್ ಬಗ್ಗೆ ಓದಿದ ಎಷ್ಟೋ ಮಾತಿಗಿಂತ ನನಗೆ ಆ ಒಂದು ಶಬ್ದದಿಂದ ಜಾಸ್ತಿ ತಿಳಿಯಿತು.

ಆದರೆ ಅದನ್ನು ಬಂಗಡೆಯ ಜೊತೆ ಕುಡಿಯಬೇಡಿ. ನಾನು ಕುಡಿದೆ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಯಿತು, ಮೀನಿನ ನೀಸು ವಾಸನೆ ಎರಡು ಪಟ್ಟು. ರೆಡ್ ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿದರೆ ಹೀಗಾಗುತ್ತದೆ, ಬಂಗಡೆಯಲ್ಲಿ ಎಣ್ಣೆ ಜಾಸ್ತಿ ಬೇರೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ದೂರ ಇಡಿ. ಅದರ ಪರಿಮಳದ ಮುಂದೆ ಯಾವ ವೈನೂ ನಿಲ್ಲುವುದಿಲ್ಲ.

ಕೊನೆಯದು ಸಿಹಿ ವೈನ್. ಪೋರ್ಟ್ ಅನ್ನುವ ಹೆಸರು ಪೋರ್ಚುಗಲ್ಲಿನ ಪೋರ್ಟೊ ಊರಿನಿಂದ ಬಂದದ್ದು. 1961ರ ತನಕ ಪೋರ್ಚುಗೀಸರೇ ಆಳಿದ ಗೋವಾ ಪಕ್ಕದಲ್ಲಿದ್ದದ್ದಕ್ಕೆ ನಮ್ಮ ಕಡೆ ಎಲ್ಲರಿಗೂ ಪರಿಚಯ. ನಾವು ತಂದದ್ದು ಬೆಂಗಳೂರು ನೀಲಿ ದ್ರಾಕ್ಷಿಯದ್ದು, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುತ್ತಾರಲ್ಲ, ಜ್ಯೂಸಿನ ಅಂಗಡಿಯಲ್ಲಿ ಮೂಗಿಗೆ ಬಡಿಯುವ ಆ ಕಪ್ಪು ದ್ರಾಕ್ಷಿ. ವಾಸನೆಯೂ ಅದೇ. ವೈನ್ ಬಲ್ಲವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನನಗೆ ಅದು ಸರಿ ಅನಿಸುವುದಿಲ್ಲ. ಊಟಕ್ಕೆ ಮೊದಲು ಕುಡಿದರೆ ಬಾಯಿ ಕಟ್ಟುತ್ತದೆ, ನಿಜ. ಊಟ ಆದ ಮೇಲೆ, ಚೆನ್ನಾಗಿ ತಣ್ಣಗೆ ಮಾಡಿ, ಅರ್ಧ ಲೋಟ ಇಟ್ಟುಕೊಂಡು, ಗೆಳೆಯನ ಮನೆಯಿಂದ ಬಂದ ತೊಡದೇವನ್ನು ಮುರಿದು ಮುರಿದು ತಿನ್ನುತ್ತಾ ಕುಡಿದು ನೋಡಿ. ಆ ಕಬ್ಬಿನ ಸಿಹಿ, ಕಾಗದದಂಥ ಗರಿಗರಿ, ಆಮೇಲೆ ಈ ದ್ರಾಕ್ಷಿ. ಹೆಂಡತಿ ತನ್ನ ಹಾಳೆಯಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟಳು. ಆರು ಬಾಟಲಿಯಲ್ಲಿ ಎಂಎಲ್ ಲೆಕ್ಕಕ್ಕೆ ಅತಿ ಅಗ್ಗದ ವೈನ್ ಇದೇ.

ಎಲ್ಲ ಕುಡಿದು ಮುಗಿಸಲಿಲ್ಲ, ಮುಗಿಸುವ ಆಸೆಯೂ ಇರಲಿಲ್ಲ. ಸ್ಟ್ರಾಂಗ್ ಅರ್ಧ ಉಳಿದದ್ದನ್ನು ಚೆಲ್ಲಿದೆವು. ರೆಡ್ ಮತ್ತು ಸಿಹಿ ವೈನ್ ಮುಚ್ಚಳ ಹಾಕಿ ಫ್ರಿಜ್ಜಿಗೆ ಹೋದವು. ರೆಡ್ ಮೂರನೇ ದಿನಕ್ಕೆ ಹುಳಿ ತಿರುಗಿತು, ಸಿಹಿ ವೈನ್ ಎರಡು ವಾರ ಕೆಡದೆ ಉಳಿಯಿತು. ದೇವಿಮನೆ ಘಾಟಿ ಹತ್ತಿ ಹೋಗಬೇಕಾದ ಗೆಳೆಯ ರಾತ್ರಿ ನಮ್ಮಲ್ಲೇ ಮಲಗಿ ಬೆಳಿಗ್ಗೆ ಬಸ್ಸಿಗೆ ಹೋದ.

ಮುಂದಿನದ್ದು ಏಪ್ರಿಲ್‌ನಲ್ಲಿ, ಗೋವಾದಲ್ಲಿ. ಗೇರುಹಣ್ಣಿನ ರಸ ಹುಳಿ ಬರಿಸಿ ಮೊದಲ ಸಲ ಭಟ್ಟಿ ಇಳಿಸಿದ್ದು ಉರಾಕ್, ಇನ್ನೊಮ್ಮೆ ಇಳಿಸಿದರೆ ಫೆನ್ನಿ. ಫೆನ್ನಿ ವರ್ಷಗಟ್ಟಲೆ ಇರುತ್ತದೆ. ಉರಾಕ್ ಇರುವುದಿಲ್ಲ, ಬೇಸಿಗೆ ಮುಗಿದರೆ ಅದೂ ಮುಗಿಯಿತು. ತರುವ ಹಾಗೂ ಇಲ್ಲ, ಇಡುವ ಹಾಗೂ ಇಲ್ಲ, ಅಲ್ಲೇ ಕುಡಿಯಬೇಕು. ಕಾರವಾರದಿಂದ ರೈಲು ಹತ್ತಿದರೆ ಕಾಣಕೋಣ ದೂರ ಅಲ್ಲ. ಬೆಳಿಗ್ಗೆ ಹೋಗಿ, ಉಪ್ಪು, ಲಿಂಬೆ, ಸೀಳಿದ ಹಸಿಮೆಣಸು ಹಾಕಿದ ಒಂದೊಂದು ಲೋಟ ಉರಾಕ್ ಕುಡಿದು, ಊಟ ಮಾಡಿ, ಸಂಜೆ ರೈಲಿಗೆ ವಾಪಸ್ ಅಂತ ಬಾವ ಈಗಲೇ ಹೇಳಿಟ್ಟಿದ್ದಾರೆ.