‘ನಿಮಗೆ ಬೇಜಾರಾಗುವುದಿಲ್ಲವೇ?’ ಎಂದು ಕೇಳುವವರಿಗೆ

ನಮ್ಮ ಮನೆಗೆ ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಸುತ್ತಲೂ ಒಮ್ಮೆ ಕಣ್ಣಾಡಿಸುತ್ತಾರೆ. ಟಿ.ವಿ. ಇಲ್ಲ, ಷೋಕೇಸ್ ಇಲ್ಲ, ಫೋನು ಜಗುಲಿಯ ಗೂಡಿನಲ್ಲಿ ಬಿದ್ದಿದೆ, ಹೊರಗೆ ಮೂರು ದಿನದಿಂದ ಬಿಡದ ಮಳೆ. ಆಮೇಲೆ ಆ ಪ್ರಶ್ನೆ ಬರುತ್ತದೆ: ‘ನಿಮಗೆ ಬೇಜಾರಾಗುವುದಿಲ್ಲವೇ?’ ಬೆಂಗಳೂರಿನಿಂದ ಬಂದ ನಾದಿನಿಯ ಮಕ್ಕಳು ಇದನ್ನು ಕನಿಕರದಿಂದ ಕೇಳುತ್ತಾರೆ, ಪಕ್ಕದ ತೋಟದವರು ಸ್ವಲ್ಪ ಅನುಮಾನದಿಂದ ಕೇಳುತ್ತಾರೆ. ಬಹಳ ಕಾಲ ನಾನು ‘ಇಲ್ಲಪ್ಪ, ಅಭ್ಯಾಸವಾಗಿದೆ’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಆ ಉತ್ತರ ಸುಳ್ಳಾದ್ದರಿಂದ ಇಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದೇನೆ. ಬೇಜಾರಾಗುತ್ತದೆ. ಅದನ್ನು ಓಡಿಸಲು ನಾನು ಹಿಂದೆ ಏನೇನು ಮಾಡುತ್ತಿದ್ದೆ, ಅದಕ್ಕೆ ಎಷ್ಟು ತೆರುತ್ತಿದ್ದೆ ಎಂಬುದನ್ನು ಹೇಳದೆ ಈ ಉತ್ತರ ಅರ್ಥವಾಗುವುದಿಲ್ಲ.

ನಾವಿರುವುದು ಕೊಡಗಿನ ನಾಪೋಕ್ಲು ಮತ್ತು ಭಾಗಮಂಡಲದ ನಡುವಿನ ಒಂದು ಸಣ್ಣ ಊರಿನಲ್ಲಿ. ನಾಲ್ಕೂವರೆ ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಒಂದಿಷ್ಟು ಗದ್ದೆ. ಬಯಲುಸೀಮೆಯವರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ನಮ್ಮ ಕಡೆ ಒಂದು ವಸ್ತುವನ್ನು ಕೊಳ್ಳುವುದಕ್ಕಿಂತ ಅದನ್ನು ಒಣಗಿಸಿ ಇಟ್ಟುಕೊಳ್ಳುವುದು ಕಷ್ಟ. ಜೂನ್ ಕಳೆಯುವಷ್ಟರಲ್ಲಿ ಚರ್ಮದ ಚೀಲಕ್ಕೂ ಬೆಲ್ಟಿಗೂ ಹಸಿರು ಬೂಷ್ಟು ಹಿಡಿಯುತ್ತದೆ, ಪುಸ್ತಕದ ಹಾಳೆಗಳು ಅಂಟಿಕೊಳ್ಳುತ್ತವೆ, ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಚುಕ್ಕೆಗಳು ಏಳುತ್ತವೆ, ಮರದ ಕಪಾಟಿನ ಬಾಗಿಲು ಉಬ್ಬಿ ಮುಚ್ಚದಾಗುತ್ತದೆ. ಬಿಸಿಲು ಒಂದು ಗಂಟೆ ಇಣುಕಿದರೆ ಮನೆಯ ಹೆಂಗಸರು ಮಾಡುತ್ತಿರುವ ಕೆಲಸ ಬಿಟ್ಟು ಬಟ್ಟೆ, ಹಾಸಿಗೆ, ಕಂಬಳಿಗಳನ್ನು ಹೊತ್ತು ಅಂಗಳಕ್ಕೆ ಓಡುತ್ತಾರೆ; ಇಣುಕದಿದ್ದರೆ ಒಲೆಯ ಮೇಲಿನ ಅಟ್ಟವೇ ಗತಿ. ಹೀಗಿರುವಾಗ ಮನೆಯಲ್ಲಿ ಇನ್ನೂರು ಬಟ್ಟೆ ಇದ್ದರೆ ಇನ್ನೂರು ಬಟ್ಟೆಗಳ ಚಾಕರಿ ಇರುತ್ತದೆ. ಅಂಗಡಿಯ ಚೀಟಿಯಲ್ಲಿ ಬರೆದಿರುವ ಬೆಲೆ ಮೊದಲ ಕಂತು ಮಾತ್ರ, ಉಳಿದ ಕಂತುಗಳನ್ನು ಪ್ರತಿ ಮಳೆಗಾಲ ನಮ್ಮ ಹೊತ್ತಿನಿಂದ ವಸೂಲು ಮಾಡುತ್ತದೆ ಎಂಬುದು ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಮೊದಲೇ ಹೊಳೆಯಬೇಕಿತ್ತು. ನಲವತ್ತು ದಾಟುವವರೆಗೆ ಹೊಳೆಯಲಿಲ್ಲ.

ಅದಕ್ಕೆ ಒಂದು ಕಾರಣ ಕಾಫಿಯ ಹಣದ ಸ್ವಭಾವದಲ್ಲಿದೆ. ತಿಂಗಳ ಸಂಬಳದವರಿಗೆ ಪ್ರತಿ ತಿಂಗಳು ಒಂದು ಗೋಡೆ ಅಡ್ಡ ಬರುತ್ತದೆ. ನಮಗೆ ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಚೀಲಗಳು ಲಾರಿ ಹತ್ತಿದ ಮೇಲೆ, ಹಣ ಒಟ್ಟಾಗಿ ಬರುತ್ತದೆ, ಮತ್ತು ಒಟ್ಟಾಗಿ ಕಂಡ ಹಣ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1994ರ ಜೂನ್, ಜುಲೈ ತಿಂಗಳುಗಳಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ ಮಂಜು ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು. ಅದೇ ವರ್ಷಗಳಲ್ಲಿ, ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಹಳೆಯ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಹೋಯಿತು. ಬೆಲೆ ಕಂಡುಕೇಳರಿಯದಷ್ಟು ಏರಿತು. ಎಂದೂ ಸಾಲ ಮಾಡದ ನನ್ನ ತಂದೆ ಆ ಎರಡು ವರ್ಷಗಳಲ್ಲಿ ಹೊಸ ಜೀಪು, ಬಣ್ಣದ ಟಿ.ವಿ., ಮನೆಯ ಮಾಡಿನಷ್ಟು ಅಗಲದ ಡಿಶ್ ಆಂಟೆನಾ, ಯಾರೂ ಕುಳಿತುಕೊಳ್ಳದ ಕೆಂಪು ಸೋಫಾ ಇಷ್ಟನ್ನೂ ತಂದರು. 2001-02ರಲ್ಲಿ ಬೆಲೆ ನೆಲಕಚ್ಚಿದಾಗ ಮೊದಲು ಹೋದದ್ದು ಜೀಪು. ಸೋಫಾವನ್ನು ಯಾರೂ ಕೊಳ್ಳಲಿಲ್ಲ. ಅದು ಕೊಟ್ಟಿಗೆಯಲ್ಲಿ ಕೋಳಿಗಳ ಪಾಲಾಯಿತು. ತಂದೆಯವರನ್ನು ದೂರಲು ಇದನ್ನು ಹೇಳುತ್ತಿಲ್ಲ, ಏಕೆಂದರೆ ಅದನ್ನೆಲ್ಲ ಕಣ್ಣಾರೆ ಕಂಡ ನಾನು ನನ್ನ ಕೈಗೆ ಹಣ ಬಂದಾಗ ಹೆಚ್ಚೂಕಡಿಮೆ ಅದನ್ನೇ ಮಾಡಿದೆ. ವಸ್ತುಗಳು ಚಿಕ್ಕದಾಗಿದ್ದವು, ಸಂಖ್ಯೆ ದೊಡ್ಡದಾಗಿತ್ತು, ವ್ಯತ್ಯಾಸ ಅಷ್ಟೇ.

ಆ ಸಂಖ್ಯೆ ನನ್ನ ಕಣ್ಣಿಗೆ ಬಿದ್ದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಜನ ಉಟ್ಟ ಬಟ್ಟೆಯಲ್ಲೇ ಹೊರಟು ಬಂದಿದ್ದರು. ನಮ್ಮ ಮನೆಗೆ ಏನೂ ಆಗಿರಲಿಲ್ಲವಾದ್ದರಿಂದ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಕೈಲಾದ ಕೆಲಸ ಮಾಡಲು ಹೋದೆ, ಬಂದ ಬಟ್ಟೆಗಳನ್ನು ವಿಂಗಡಿಸುವ ಕೆಲಸ ಸಿಕ್ಕಿತು. ರಾಜ್ಯದ ಮೂಲೆಮೂಲೆಗಳಿಂದ ಜನ ಮನಸ್ಸು ಕರಗಿ ಕಳಿಸಿದ್ದರು, ಆ ಒಳ್ಳೆಯತನವನ್ನು ನಾನು ಹಗುರ ಮಾಡುವುದಿಲ್ಲ. ಕಂಬಳಿ, ಟವೆಲ್, ಹೊಸ ಒಳಉಡುಪು, ಮಕ್ಕಳ ಸ್ವೆಟರ್‌ಗಳನ್ನು ಲೆಕ್ಕ ಹಾಕಿ ಕಟ್ಟಿ ಕಳಿಸಿದವರೂ ಇದ್ದರು. ಆದರೆ ಮೂಟೆಗಳನ್ನು ಬಿಚ್ಚುತ್ತ ಹೋದಂತೆ ಕನ್ನಡಿ ಚೂರುಗಳ ಲೆಹೆಂಗಾ, ಗುಂಡಿ ಕಿತ್ತ ಕೋಟು, ಒಂದೇ ಕಾಲಿನ ಎತ್ತರ ಹಿಮ್ಮಡಿಯ ಚಪ್ಪಲಿ, ಯಾವುದೋ ಕಂಪನಿಯ ಹೆಸರು ಅಚ್ಚಾಗಿರುವ ಟೀ ಶರ್ಟುಗಳು ಒಂದರ ಹಿಂದೆ ಒಂದು ಬರತೊಡಗಿದವು, ಮತ್ತು ಎಷ್ಟೋ ಬಟ್ಟೆಗಳಲ್ಲಿ ಬೆಲೆಯ ಚೀಟಿ ಹಾಗೆಯೇ ನೇತಾಡುತ್ತಿತ್ತು. ಒಮ್ಮೆಯೂ ಉಡದೆ, ಕಪಾಟಿನಲ್ಲಿ ಜಾಗ ಸಾಲದೆ, ಕೊನೆಗೆ ನಮ್ಮ ಗುಡ್ಡ ಜಾರಿದ ನೆಪದಲ್ಲಿ ಅವು ಮನೆ ಬಿಟ್ಟಿದ್ದವು. ಮನೆ ಕಳೆದುಕೊಂಡವರಿಗೆ ಅವುಗಳಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರಲಿಲ್ಲ. ಮಳೆ ಇನ್ನೂ ನಿಂತಿರಲಿಲ್ಲ. ಮೂರನೆಯ ದಿನ ರಾಶಿಯ ಅಡಿಯ ಬಟ್ಟೆಗಳಿಗೆ ಬೂಷ್ಟು ಹಿಡಿದ ವಾಸನೆ ಬಂತು.

ಮೂಗು ಮುರಿಯುತ್ತ ವಿಂಗಡಿಸುತ್ತಿದ್ದ ನನ್ನ ಕೈಗೆ ಆಗ ಒಂದು ನೀಲಿ ಕುರ್ತಾ ಸಿಕ್ಕಿತು. ಅದೇ ಬಣ್ಣ, ಅದೇ ಕಸೂತಿಯ, ಚೀಟಿ ಬಿಚ್ಚದ ಕುರ್ತಾ ನನ್ನ ಕಪಾಟಿನಲ್ಲೂ ಇತ್ತು. ಹಬ್ಬದ ರಿಯಾಯಿತಿಯಲ್ಲಿ ಎರಡು ಕೊಂಡರೆ ಒಂದು ಉಚಿತವೆಂದು ಬಂದ ಆ ಮೂರನೆಯದು.

ಮನೆಗೆ ಬಂದು ಎಲ್ಲವನ್ನೂ ಹೊರಗೆಳೆದು ಎಣಿಸಿದೆ. ಬಟ್ಟೆಗಳು ನೂರ ಎಂಬತ್ತೇಳು, ಗಾಜಿನ ಲೋಟಗಳು ಅರವತ್ತು, ಚಾರ್ಜರ್‌ಗಳು ಹತ್ತೊಂಬತ್ತು, ಅವುಗಳಲ್ಲಿ ಏಳಕ್ಕೆ ಹೊಂದುವ ಫೋನೇ ಮನೆಯಲ್ಲಿಲ್ಲ. ಖಾಲಿ ಮಾಡಲು ಎರಡು ವರ್ಷ ಬೇಕಾಯಿತು, ಏಕೆಂದರೆ ಪರಿಹಾರ ಕೇಂದ್ರದಲ್ಲಿ ಕಂಡದ್ದನ್ನು ಕಂಡ ಮೇಲೆ ಮೂಟೆ ಕಟ್ಟಿ ಯಾರ ಮೇಲೋ ಹೊರಿಸಲು ಮನಸ್ಸು ಬರಲಿಲ್ಲ; ಯಾರಿಗೆ ಏನು ಬೇಕೆಂದು ಕೇಳಿ, ಒಗೆದು, ಗುಂಡಿ ಹಾಕಿ ಕೊಡಬೇಕಾಯಿತು. ಕೊಳ್ಳಲು ಐದು ನಿಮಿಷ ಹಿಡಿದದ್ದನ್ನು ಸರಿಯಾಗಿ ಬೀಳ್ಕೊಡಲು ಐದು ವಾರ ಹಿಡಿಯುತ್ತದೆ. ಟಿ.ವಿ.ಯನ್ನು ನಮ್ಮ ತೋಟದ ಕೆಲಸಕ್ಕೆ ಬರುವ, ಹತ್ತಿರದ ಲೈನ್‌ಮನೆಯಲ್ಲಿರುವ (ತೋಟದ ಕೆಲಸಗಾರರ ಸಾಲುಮನೆಯಲ್ಲಿರುವ) ಹೆಂಗಸಿಗೆ ಕೊಟ್ಟೆ. ನಾನು ಏಕೆ ಟಿ.ವಿ. ಬಿಡುತ್ತಿದ್ದೇನೆ ಎಂದು ವಿವರಿಸಲು ಹೊರಟರೆ ಆಕೆ ರಿಮೋಟು ಎಲ್ಲಿ ಎಂದು ಕೇಳಿದಳು. ಅವಳ ಪ್ರಶ್ನೆಯೇ ಸರಿ. ಹಗಲೆಲ್ಲ ಕಾಫಿ ಕೊಯ್ದು, ಒಂದೇ ಕೋಣೆಯಲ್ಲಿ ಐದು ಜನ ಬದುಕುವವರಿಗೆ ಸರಳ ಜೀವನದ ಉಪದೇಶ ಬೇಕಿಲ್ಲ. ಬಿಡುವುದಕ್ಕೂ ಮೊದಲು ಕೈಯಲ್ಲಿ ಏನಾದರೂ ಇರಬೇಕಾಗುತ್ತದೆ.

ಇದೇ ಕಾರಣಕ್ಕೆ, ಯಾರಾದರೂ ನನ್ನನ್ನು ಹೊಗಳುತ್ತ ಕೊಡಗಿನ ಗೌರಮ್ಮನವರ ಹೆಸರು ತೆಗೆದರೆ ನನಗೆ ನಾಚಿಕೆಯಾಗುತ್ತದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಸುಂಟಿಕೊಪ್ಪದ ಬಳಿಯ ತೋಟದಲ್ಲಿದ್ದ ಆ ಕತೆಗಾರ್ತಿ, ಗಾಂಧೀಜಿ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತರು, ಬಂದ ಮೇಲೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಆಗ ಅವರಿಗೆ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ಅವರು ಕೊಟ್ಟದ್ದು ಬೆಲೆಯಿದ್ದದ್ದನ್ನು. ನಾನು ಕೊಟ್ಟದ್ದು ಬೇಡವಾದದ್ದನ್ನು.

ವಸ್ತುಗಳು ಹೋದ ಮೇಲೆ ಹೊತ್ತು ತಾನಾಗಿ ಉಳಿಯುತ್ತದೆ ಎಂದು ನಂಬಿದ್ದೆ. ಉಳಿದ ಹೊತ್ತನ್ನೆಲ್ಲ ಫೋನು ನುಂಗಿತು. ಅದರಲ್ಲಿಯೇ ಇರುವ ಲೆಕ್ಕವನ್ನು ಒಂದು ದಿನ ತೆರೆದು ನೋಡಿದರೆ ದಿನದ ಸರಾಸರಿ ಮೂರು ಗಂಟೆ ನಲವತ್ತು ನಿಮಿಷ ಎಂದು ತೋರಿಸಿತು. ವರ್ಷಕ್ಕೆ ಗುಣಿಸಿದರೆ 1,338 ಗಂಟೆ. ಎಚ್ಚರವಾಗಿರುವ ಹದಿನಾರು ಗಂಟೆಗಳನ್ನು ಒಂದು ದಿನವೆಂದು ಹಿಡಿದರೆ 83 ದಿನಗಳಿಗೂ ಹೆಚ್ಚು. ನಮ್ಮ ತೋಟದ ಕಾಫಿ ಕೊಯ್ಲು, ಕಣದಲ್ಲಿ ಒಣಗಿಸುವುದು, ಮೂಟೆ ಕಟ್ಟುವುದು ಎಲ್ಲ ಸೇರಿ ಅದಕ್ಕಿಂತ ಕಡಿಮೆ ದಿನಗಳಲ್ಲಿ ಮುಗಿಯುತ್ತದೆ. ಎಷ್ಟು ಜಾರಿಸಿದರೂ ಕೊನೆ ಕಾಣದ ಪುಟದ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ತಾವೇ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು. ಪತ್ರಿಕೆಗೆ ಕೊನೆಯ ಪುಟವಿದೆ, ಸಂತೆಗೆ ಸಂಜೆಯಿದೆ. ಇಲ್ಲಿ ಏಳಬೇಕಾದ ಹೊತ್ತು ಯಾವುದೆಂದು ಹೇಳುವ ಗುರುತನ್ನೇ ತೆಗೆದುಹಾಕಿದ್ದಾರೆ. ಕೊಳ್ಳುವ ಚಪಲವೂ ಅದೇ ಪುಟದಲ್ಲಿ ಹುಟ್ಟುತ್ತಿತ್ತು. ನನ್ನ ಹಳೆಯ ರಸೀದಿಗಳಲ್ಲಿ ಹೆಚ್ಚಿನವು ಜುಲೈ, ಆಗಸ್ಟ್ ತಿಂಗಳವು, ರಾತ್ರಿ ಹತ್ತರ ನಂತರದವು. ಬೇಜಾರಿಗೆ ಕೊಂಡದ್ದು ಎಂದು ಅವುಗಳ ಮೇಲೆ ಬೇರೆ ಬರೆಯಬೇಕಿರಲಿಲ್ಲ.

ಫೋನನ್ನು ನಾನು ಪೂರ್ತಿ ಬಿಟ್ಟಿಲ್ಲ; ಗಾಳಿಮಳೆಗೆ ಮರ ಬಿದ್ದರೆ, ಮನೆಯವರಿಗೆ ಹುಷಾರು ತಪ್ಪಿದರೆ ಅದು ಬೇಕು. ಜಗುಲಿಯ ಗೂಡಿನಲ್ಲಿ, ನಿಂತೇ ಮಾತಾಡಬೇಕಾದ ಎತ್ತರದಲ್ಲಿ ಇಟ್ಟಿದ್ದೇನೆ. ನಿಂತು ಎಷ್ಟು ಹೊತ್ತು ನೋಡಲಾದೀತು? ಕೊಳ್ಳುವುದಕ್ಕೆ ಒಂದು ನೋಟ್‌ಬುಕ್ ಇದೆ. ಬೇಕೆನಿಸಿದ ವಸ್ತುವಿನ ಹೆಸರನ್ನು ಅದರಲ್ಲಿ ಬರೆದು ಮಡಿಕೇರಿಯ ನಾಲ್ಕು ಶುಕ್ರವಾರದ ಸಂತೆಗಳು ಕಳೆಯುವವರೆಗೆ ಕಾಯುವುದು. ಆಮೇಲೂ ಬೇಕೆನಿಸಿದರೆ ಕೊಳ್ಳುವುದು. ಮೊದಲ ವರ್ಷ ನಲವತ್ತೊಂದು ಹೆಸರು ಬರೆದಿದ್ದೆ, ಒಂಬತ್ತನ್ನು ಕೊಂಡೆ. ಉಳಿದವುಗಳಲ್ಲಿ ಕೆಲವು ಏನೆಂದೇ ಈಗ ನೆನಪಾಗುವುದಿಲ್ಲ; ‘ತಿರುಗುವ ಡಬ್ಬಿ’ ಎಂದು ಬರೆದಿದ್ದೇನೆ, ಯಾವ ಡಬ್ಬಿ, ಏಕೆ ತಿರುಗಬೇಕಿತ್ತು, ದೇವರೇ ಬಲ್ಲ.

ಈ ನೋಟ್‌ಬುಕ್ಕಿಗೆ ನಿಜವಾದ ಪರೀಕ್ಷೆ ಬಂದದ್ದು 2024ರಲ್ಲಿ. ಐವತ್ತು ಕೆ.ಜಿ. ರೋಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ, ಚೀಲ ಹತ್ತು ಸಾವಿರ ರೂಪಾಯಿ ದಾಟಿತು. ನನ್ನ ಗಂಡನಿಗೆ, ಅವರು ನನ್ನ ಮಾರ್ಗದ ಅನುಯಾಯಿಯೇನೂ ಅಲ್ಲ, ಹೊಸ ಕಾರು ಕಣ್ಣಲ್ಲಿ ಕುಣಿಯತೊಡಗಿತು. ನನಗೂ ಅಡುಗೆಮನೆಯನ್ನು ಒಡೆದು ಹೊಸದಾಗಿ ಕಟ್ಟಿಸುವ ಆಸೆ ಹುಟ್ಟಿತು. ಕಾರಿಲ್ಲದಿದ್ದರೆ ಫ್ರಿಜ್ ಆದರೂ ‘ಬಡ್ಡಿಯಿಲ್ಲದ ಕಂತಿನಲ್ಲಿ’ ಕೊಳ್ಳಿ ಎಂದು ಅಂಗಡಿಯವರು ಆಸೆ ತೋರಿಸಿದರು. ಶೂನ್ಯ ಬಡ್ಡಿಯ ಸಾಲವೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿದೆ; ನಗದು ಕೊಟ್ಟರೆ ಸಿಗಬಹುದಾದ ರಿಯಾಯಿತಿಯನ್ನು ಕಂತಿನವರಿಗೆ ಕೊಡದೆ ಬಡ್ಡಿಗೆ ಹೊಂದಿಸಿಕೊಳ್ಳುವುದು, ಕಾರ್ಡಿನ ಸಾಲವಾದರೆ ಬಡ್ಡಿಯ ಮೇಲೆ ತೆರಿಗೆಯನ್ನೂ ಸಂಸ್ಕರಣಾ ಶುಲ್ಕವನ್ನೂ ಸದ್ದಿಲ್ಲದೆ ಸೇರಿಸುವುದು ಅದರ ಒಳಗುಟ್ಟು. ನಾಲ್ಕು ಶುಕ್ರವಾರ ಕಾದೆವು. ಕಾರು ಬರಲಿಲ್ಲ. ಅಡುಗೆಮನೆಯ ಸೋರುವ ಮಾಡು ಮಾತ್ರ ರಿಪೇರಿಯಾಯಿತು, ಉಳಿದದ್ದರಲ್ಲಿ ಹಳೆಯ ಸಾಲವೊಂದು ತೀರಿತು.

ಹಾಗಾದರೆ ಆ ಬೇಜಾರು? ಅದು ಮಧ್ಯಾಹ್ನ ಮೂರು ಗಂಟೆಗೆ ಬರುತ್ತದೆ. ಕರೆಂಟು ಹೋಗಿರುತ್ತದೆ, ಮಳೆಯ ಸದ್ದಿಗೆ ಎದುರು ಕುಳಿತವರ ಮಾತೂ ಕೇಳುವುದಿಲ್ಲ. ಮೊದಲ ಅರ್ಧ ಗಂಟೆ ಬಹಳ ಹಿಂಸೆ, ಕೈ ತಾನಾಗಿ ಗೂಡಿನ ಕಡೆ ಹೋಗುತ್ತದೆ. ಹೋದ ದಿನಗಳೂ ಇವೆ, ಕಳೆದ ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳಲ್ಲಿ) ಜ್ವರ ಬಂದು ಮಲಗಿದ್ದಾಗ ಎರಡು ದಿನ ಬೇರೇನೂ ಮಾಡಲಿಲ್ಲ. ಆ ಅರ್ಧ ಗಂಟೆ ದಾಟಿದರೆ ಏನೋ ಒಂದು ಕೆಲಸ ಸಿಗುತ್ತದೆ. ಹಲಸಿನ ಬೀಜ ಸುಲಿಯುವುದು, ಗೇಟಿನವರೆಗೆ ಕೊಡೆ ಹಿಡಿದು ನಡೆದು ಬರುವುದು, ಅತ್ತೆಯವರ ಪಕ್ಕದಲ್ಲಿ ಕುಳಿತು ಅವರು ನೂರನೆಯ ಸಲ ಹೇಳುವ ಕತೆಯಲ್ಲಿ ಈ ಸಲ ಏನು ಬದಲಾಯಿತೆಂದು ಗಮನಿಸುವುದು. ಎಂಬತ್ತೆರಡು ವರ್ಷದ ಅವರಿಂದಲೇ ನಾನು ಕಾಡುಮಾವಿನ ಉಪ್ಪಿನಕಾಯಿಯ ಹದ ಕಲಿತೆ, ಕಳಲೆಯನ್ನು (ಎಳೆ ಬಿದಿರಿನ ಮೊಳಕೆಯನ್ನು) ಎಷ್ಟು ನೀರಿನಲ್ಲಿ ಎಷ್ಟು ದಿನ ನೆನೆಸಿದರೆ ಕಹಿ ಹೋಗುತ್ತದೆಂದು ಕಲಿತೆ; ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೂ ಅದಕ್ಕೆ ಮುಂಚೆ ಕಲಿತಿರಲಿಲ್ಲ. ಎಲ್ಲ ದಿನವೂ ಹೀಗೆ ಫಲಿಸುವುದಿಲ್ಲ. ಕೆಲವು ಮಧ್ಯಾಹ್ನ ಬೇಜಾರು ಬೇಜಾರಾಗಿಯೇ ಉಳಿದು ಸಂಜೆಯ ದೀಪ ಹಚ್ಚುವ ಹೊತ್ತಿಗೆ ಹೋಗುತ್ತದೆ.

ಇದನ್ನು ಬರೆಯುತ್ತಿರುವುದು ಆಟಿಯ ನಡುವಿನಲ್ಲಿ. ಆಗಸ್ಟ್ 3ಕ್ಕೆ ಆಟಿ ಹದಿನೆಂಟು, ಮದ್ದು ಸೊಪ್ಪಿನಲ್ಲಿ ಔಷಧಿ ಗುಣ ತುಂಬಿರುತ್ತದೆಂದು ನಮ್ಮವರು ನಂಬುವ ದಿನ. ಮದ್ದು ಸೊಪ್ಪನ್ನು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡಬೇಕು, ಸೊಪ್ಪು ತೋಡಿನ ಬದಿಯಲ್ಲಿ ಬೇಕಾದಷ್ಟು ಬೆಳೆದಿದೆ. ನೋಟ್‌ಬುಕ್ಕಿನಲ್ಲಿ ಸದ್ಯ ಒಂದೇ ಹೆಸರಿದೆ: ಬಟ್ಟೆ ಒಣಗಿಸುವ ಯಂತ್ರ. ಬರೆದು ಮೂರು ಶುಕ್ರವಾರ ಕಳೆದಿವೆ, ಅಟ್ಟದ ಮೇಲಿನ ಬಟ್ಟೆಗಳಿಗೆಲ್ಲ ಹೊಗೆಯ ವಾಸನೆ ಹಿಡಿದಿದೆ, ಮತ್ತು ಮಳೆ ಇನ್ನೂ ನಿಂತಿಲ್ಲ.